ಮಂಡಕ್ಕಿ ಭಟ್ಟಿಯ ಬೂದಿ, ಹತ್ತು ಡೆಸ್ಟ್ರಾಯರ್‌ಗಳು: ನನ್ನ ಅನುಭವ

"ಬೂದಿ ಹಾಕಿ ಉಜ್ಜಿದರೆ ಪಾತ್ರೆ ಬೆಳಗುತ್ತೆ, ಮಿನಿಯೇಚರ್ ಅಲ್ಲ" ಅಂತ ಸಣ್ಣ ಸೈನಿಕ ಗೊಂಬೆಗಳಿಗೆ ಬಣ್ಣ ಹಚ್ಚಿ ಯುದ್ಧದಾಟ ಆಡುವ ನಮ್ಮ ಭಾನುವಾರದ ಗುಂಪಿನವರೊಬ್ಬರು ಎಲ್ಲರ ಮುಂದೆ ನಕ್ಕಿದ್ದರು. ಹೋದ ತಿಂಗಳು ಅದೇ ಮನುಷ್ಯ ಮನೆಗೆ ಬಂದು, ಚಹಾ ಕುಡಿದು, ಅದೂ ಇದೂ ಮಾತಾಡಿ, ಚಪ್ಪಲಿ ಹಾಕಿಕೊಳ್ಳುವಾಗ ಮೆಲ್ಲಗೆ "ಆ ಬೂದಿ ಒಂಚೂರು ಸಿಗುತ್ತಾ" ಅಂದರು. ಒಂದು ಹಾರ್ಲಿಕ್ಸ್ ಡಬ್ಬಿ ತುಂಬಿಸಿ ಕೊಟ್ಟೆ. ಅವತ್ತೇ ಅಂದುಕೊಂಡೆ, ಇದನ್ನು ಬರೆದು ಬಿಡಬೇಕು ಅಂತ.

ನಮ್ಮ ಆಟದ ಹೆಸರು ಹೋರಸ್ ಹೆರೆಸಿ. ಅದನ್ನು ಆಡುವವರಿಗೆ ಡೆಸ್ಟ್ರಾಯರ್ ಯಾರು ಅಂತ ಹೇಳಬೇಕಿಲ್ಲ. ಉಳಿದವರಿಗೆ ಇಷ್ಟು ಸಾಕು, ಪಡೆಯಲ್ಲಿ ವಿಷ, ವಿಕಿರಣದ ಆಯುಧ ಹಿಡಿಯುವ ತುಕಡಿ. ನನ್ನ ಪಡೆ ಅಲ್ಟ್ರಮರೀನ್ಸ್, ಆಟದ ಲೀಜನ್ನುಗಳಲ್ಲಿ, ಅಂದರೆ ದೊಡ್ಡ ಸೈನ್ಯಗಳಲ್ಲಿ, ಒಂದು. ಎಲ್ಲರೂ ನೀಲಿ, ಬಂಗಾರದ ಅಂಚು, ಮದುವೆ ಮನೆಗೆ ಹೊರಟ ಹಾಗೆ. ಅವರ ಮಧ್ಯೆ ಈ ಹತ್ತು ಜನ. ರ‍್ಯಾಡ್ (ವಿಕಿರಣದ) ಗ್ರೆನೇಡ್, ಸುಲಭಕ್ಕೆ ಆರದ ಬೆಂಕಿಯ ಫಾಸ್ಫೆಕ್ಸ್ ಬಾಂಬ್, ಬೇರೆಯವರು ಮುಟ್ಟಲು ಹೇಸುವುದೆಲ್ಲ ಇವರ ಸೊಂಟದಲ್ಲಿ. ಡೆತ್ ಗಾರ್ಡ್‌ನಂಥ ಲೀಜನ್ನಿಗೆ ವಿಷದ ಬಗ್ಗೆ ಅಷ್ಟೇನೂ ಸಂಕೋಚ ಇಲ್ಲ. ಆದರೆ ಮಾನ ಮರ್ಯಾದೆ ಅನ್ನುವ ಲೀಜನ್ನುಗಳಲ್ಲಿ ಇವರು ಗೆದ್ದು ಬಂದರೂ ಸ್ವಂತದವರೇ ದೂರ ನಿಲ್ಲುತ್ತಾರೆ. ಕೆಲಸಕ್ಕೆ ಕರೆದು, ಊಟದ ಪಂಕ್ತಿಯಿಂದ ಎಬ್ಬಿಸುವುದು. ನಮ್ಮ ಕಡೆ ಇದು ಯಾರಿಗೂ ಹೊಸ ಕಥೆ ಅಲ್ಲ. ನನಗೆ ಇವರು ಹಿಡಿಸಿದ್ದೂ ಅದಕ್ಕೇ ಇರಬೇಕು.

ಹಾಗಾಗಿ ಇವರಿಗೆ ನೀಲಿ ಬೇಡ ಅಂತ ಮೊದಲೇ ತೀರ್ಮಾನ. ಪೂರ್ತಿ ಕಪ್ಪು, ಒಂದೇ ಭುಜದ ಮೇಲೆ ಹಳೆ ನೀಲಿಯ ಗುರುತು. ತಾವು ಎಸೆದ ಬೆಂಕಿಯಲ್ಲೇ ಬೆಂದ ಕವಚ ಕಾಣಬೇಕು. ಕಪ್ಪು ಹೊಡೆದವರಿಗೆ ಗೊತ್ತು ಅದರ ಕಷ್ಟ. ಅಂಚಿಗೆ ಬೂದುಬಣ್ಣದ ಗೆರೆ ಎಳೆದರೆ ಶೋರೂಮಿನ ಬೈಕ್ ಆಗುತ್ತದೆ. ಎಳೆಯದಿದ್ದರೆ ಇದ್ದಿಲಿನ ತುಂಡು. ಸ್ಪಂಜಿನಲ್ಲಿ ಚಿಪ್ಪಿಂಗ್ (ಬಣ್ಣ ಎದ್ದುಹೋದ ಗುರುತು) ಮಾಡಿದೆ, ಸಿಡುಬು ಬಂದ ಹಾಗಾಯಿತು.

ಹಾಳು ಮಾಡಿದ್ದನ್ನು ಮೊದಲು ಹೇಳುತ್ತೇನೆ. ಏಪ್ರಿಲ್ ತಿಂಗಳು, ಬೆಳಿಗ್ಗೆ ಹನ್ನೊಂದು ಗಂಟೆ, ದಾವಣಗೆರೆ, ಮಾಳಿಗೆ. ಇಷ್ಟು ಹೇಳಿದರೆ ಇಲ್ಲಿನವರಿಗೆ ಅರ್ಥವಾಯಿತು ಅಲ್ವಾ. ಸ್ಪ್ರೇ ಪ್ರೈಮರ್ (ತಳದ ಬಣ್ಣ) ಗಾಳಿಯಲ್ಲೇ ಒಣಗಿ ರವೆಯ ಹಾಗೆ ಕೂತಿತು. ಐದು ಜನ ರವೆ ಉಂಡೆ. ಅದನ್ನು ತೆಗೆಯಲು ಹಾರ್ಡ್‌ವೇರ್ ಅಂಗಡಿಯಿಂದ ಥಿನ್ನರ್ ತಂದೆ. ಬಣ್ಣ ಬಿಡಿಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಮುಗಿದಿತ್ತು, ತಾಳ್ಮೆಯೂ ಮುಗಿದಿತ್ತು. ಪ್ಲಾಸ್ಟಿಕ್ಕಿಗೆ ಥಿನ್ನರ್ ಹಾಕಬಾರದು ಅಂತ ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ಎರಡು ನಿಮಿಷ ಅಷ್ಟೇ ಅಂತ ಹಾಕಿ ಫೋನ್ ಎತ್ತಿಕೊಂಡೆ. ವಾಪಸ್ ಬಂದಾಗ ಮೂರು ಜನ ಹಪ್ಪಳದ ಹಿಟ್ಟಿನ ಹಾಗೆ ಬಟ್ಟಲಿಗೆ ಅಂಟಿದ್ದರು. ಒಬ್ಬನ ಹೆಲ್ಮೆಟ್ ಮಾತ್ರ ಉಳಿಯಿತು. ಜುಲೈನಲ್ಲಿ ಎರಡನೇ ಸುತ್ತು. ಈ ಸಲ ಜಿಟಿಜಿಟಿ ಮಳೆ, ಮ್ಯಾಟ್ ವಾರ್ನಿಷ್ ಬೆಳ್ಳಗೆ ಬೂಸ್ಟು ಹಿಡಿದ ಹಾಗೆ ಮಂಜಾಯಿತು. ಈಗ ನಾನು ಸ್ಪ್ರೇ ಹೊಡೆಯುವುದು ಬೆಳಿಗ್ಗೆ ಏಳರ ಒಳಗೆ, ಅದೂ ನವೆಂಬರಿನಿಂದ ಫೆಬ್ರವರಿ. ಉಳಿದ ದಿನ ಬ್ರಷ್.

ಪಿಸ್ತೂಲಿನದು ಇನ್ನೊಂದು ತಲೆನೋವು. ಡೆಸ್ಟ್ರಾಯರ್ ಅಂದರೆ ಒಬ್ಬನಿಗೆ ಎರಡು ಬೋಲ್ಟ್ ಪಿಸ್ತೂಲು. ಹತ್ತು ಜನಕ್ಕೆ ಇಪ್ಪತ್ತು. ನನ್ನ ಹತ್ತಿರ ಇದ್ದದ್ದು ಬೆಂಗಳೂರಿನ ಒಬ್ಬರಿಂದ ಸೆಕೆಂಡ್ ಹ್ಯಾಂಡ್ ತಗೊಂಡ ಮಾರ್ಕ್ ಆರು ಮಾದರಿ ಕವಚದ ಪ್ಲಾಸ್ಟಿಕ್ ಮೈಗಳು, ಬಾಕ್ಸಿನಲ್ಲಿ ಸಿಕ್ಕಿದ್ದು ನಾಲ್ಕೋ ಐದೋ ಪಿಸ್ತೂಲು. ಉಳಿದವನ್ನು ರೆಸಿನ್ನಿನಲ್ಲಿ 3ಡಿ ಪ್ರಿಂಟ್ ಹಾಕಿಸಿದೆ. ಮೊದಲ ಕಂತಿನ ನಳಿಗೆಗಳು ಬಿಸಾಡುವ ಕಡ್ಡಿ ಮುರಿದ ಹಾಗೆ ಪಟಪಟ ಮುರಿದವು. ಎರಡನೇ ಕಂತಿನಲ್ಲಿ ನಳಿಗೆ ಕೊರೆದು ತಂತಿ ತೂರಿಸಿದೆ. ಗಟ್ಟಿಯಾಯಿತು. ಗ್ರೆನೇಡಿನ ಚೀಲ, ಪಟ್ಟಿ ಎಲ್ಲ ಎಂ-ಸೀಲ್. ಗ್ರೀನ್ ಸ್ಟಫ್ (ಗೊಂಬೆ ತಿದ್ದುವ ಪುಟ್ಟಿ) ಬೇಕೇ ಬೇಕು ಅನ್ನುವವರು ತರಿಸಿಕೊಳ್ಳಲಿ. ಎಂ-ಸೀಲಿಗೆ ಬೆರಳು ಒದ್ದೆ ಮಾಡಿಕೊಂಡರೆ ಸಾಕು, ಅಂಚು ಮಾತ್ರ ಅಷ್ಟು ಚೂಪು ಬರಲ್ಲ. ಹರಿದ ಚೀಲಕ್ಕೆ ಚೂಪು ಯಾಕೆ ಬೇಕು?

ಇನ್ನು ಬೂದಿ. ಒಂದು ಸಂಜೆ ಮಂಡಕ್ಕಿ ತರಲು ಭಟ್ಟಿಗೆ ಹೋಗಿದ್ದೆ. ದಿನದ ಹುರಿತ ಮುಗಿದಿತ್ತು. ಒಬ್ಬ ಹುಡುಗ ದೊಡ್ಡ ಕಬ್ಬಿಣದ ಬಾಣಲೆಯನ್ನು ಮಗುಚಿ ಹಾಕಿಕೊಂಡು, ಒಲೆಯಿಂದ ತೆಗೆದ ಭತ್ತದ ಹೊಟ್ಟಿನ ಬೂದಿಯಲ್ಲೇ ಗೋಣಿತಾಟಿನಿಂದ ತಿಕ್ಕುತ್ತಿದ್ದ. ಬಾಣಲೆಯ ಹೊಟ್ಟೆ ಕಡುಗಪ್ಪು. ಅಂಚಿನಲ್ಲಿ ಮಾತ್ರ ಉಕ್ಕು ಹೊಳೆಯುತ್ತಿತ್ತು, ಅದೂ ಒಂದೇ ಸಮ ಅಲ್ಲ, ಕೈ ಜಾಸ್ತಿ ಬಿದ್ದ ಕಡೆ ಜಾಸ್ತಿ. ತಗ್ಗಿನಲ್ಲೆಲ್ಲ ಬಿಳಿ ಬೂದಿ ಕೂತಿತ್ತು. ಮಂಡಕ್ಕಿ ಕಟ್ಟುವವನು ಎರಡು ಸಲ ದುಡ್ಡು ಕೇಳಿದನಂತೆ, ನನಗೆ ಕೇಳಿಸಲೇ ಇಲ್ಲ. ಐದು ತಿಂಗಳಿಂದ ಬ್ರಷ್ಷಿನಲ್ಲಿ ಬಿಡಿಸಲು ಒದ್ದಾಡಿದ್ದ ಕವಚ ಅಲ್ಲಿ ನೆಲದ ಮೇಲೆ ಬಿದ್ದಿತ್ತು. ನಾನು ಗಾಯದ ಚಿತ್ರ ಬರೆಯುತ್ತಿದ್ದೆ. ಆ ಹುಡುಗ ನಿಜವಾಗಿಯೂ ತಿಕ್ಕುತ್ತಿದ್ದ. ವ್ಯತ್ಯಾಸ ಅಷ್ಟೇ.

ಹೊಟ್ಟಿನ ಬೂದಿಯಲ್ಲಿ ಇರುವುದು ಬಹುಪಾಲು ಸಿಲಿಕಾ. ಅದಕ್ಕೇ ಅದು ಪಾತ್ರೆ ತಿಕ್ಕುತ್ತದೆ. ಮೊದಲ ಸಲ ಒಣ ಬೂದಿಯಲ್ಲಿ ಉಜ್ಜಿ ಪ್ರೈಮರ್ ಸಮೇತ ಕಿತ್ತುಕೊಂಡು ಬಂತು, ಮೊಣಕಾಲಿನ ಚಿಪ್ಪೇ ಸವೆಯಿತು. ಗುಂಪಿನಲ್ಲಿ ತೋರಿಸಿದ್ದು ಇದನ್ನೇ. ಪಾತ್ರೆಯ ಜೋಕು ಹುಟ್ಟಿದ್ದೂ ಅವತ್ತೇ. ನಗಲಿ ಅಂತ ಸುಮ್ನೆ ಬಂದೆ.

ಆಮೇಲೆ ಬೂದಿಯನ್ನು ಹಳೆ ಪಂಚೆಯಲ್ಲಿ ಎರಡು ಸಲ ಸೋಸಿದೆ. ಮೂಗಿಗೆ ಮಾಸ್ಕ್ ಕಡ್ಡಾಯ, ಈ ದೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ. ಈಗ ಮಾಡುವುದು ಹೀಗೆ. ಕಪ್ಪು ಪ್ರೈಮರ್. ಮೇಲೆ ಪೂರ್ತಿ ಮೈಗೆ ಉಕ್ಕಿನ ಬಣ್ಣ, ತಗ್ಗಿಗೂ ಬಿಡದೆ. ಒಂದು ದಿನ ಬಿಟ್ಟು ಹೊಳಪಿನ (ಗ್ಲಾಸಿ) ವಾರ್ನಿಷ್. ಅದರ ಮೇಲೆ, ಮುಂದೆ ಹಚ್ಚುವ ಕಪ್ಪು ಉಜ್ಜಿದಾಗ ಬಿಟ್ಟುಕೊಳ್ಳಲಿ ಅಂತ, ಒಂದು ತೆಳು ಪದರ ಬರುತ್ತದೆ. ಎಲ್ಲರೂ ಇಲ್ಲಿ ಹೇರ್ ಸ್ಪ್ರೇ ಬಳಸುತ್ತಾರೆ. ನನ್ನದು ಅಡುಗೆ ಮನೆಯ ಸಾಮಾನು, ಏನು ಅಂತ ಹೇಳಲ್ಲ. ದಾವಣಗೆರೆಯವರು ಊಹಿಸಬಹುದು, ಬೆಣ್ಣೆ ಅಲ್ಲ ಅಂತ ಮಾತ್ರ ಹೇಳುತ್ತೇನೆ. ಕೊನೆಗೆ ಕಪ್ಪು, ಎರಡು ತೆಳು ಕೋಟು. ಅಪ್ಪಟ ಕಪ್ಪು ಬೇಡ, ಹತ್ತಕ್ಕೆ ಒಂದು ಪಾಲು ಕಂದು ಸೇರಿಸಿ.

ಕಪ್ಪು ಹಚ್ಚಿ ಸುಮಾರು ನಲವತ್ತು ನಿಮಿಷಕ್ಕೆ ಉಜ್ಜಬೇಕು. ಬೇಸಿಗೆಯಲ್ಲಿ ಇಪ್ಪತ್ತೈದೇ ಜಾಸ್ತಿ. ತೋರುಬೆರಳು ಒದ್ದೆ ಮಾಡಿ, ಬೂದಿಗೆ ಮುಟ್ಟಿಸಿ, ಭುಜದ ಅಂಚಿನ ಮೇಲೆ ಒಂದೇ ದಿಕ್ಕಿಗೆ. ಗುಂಡಗೆ ಸುತ್ತಿಸಿದರೆ ಕೆಟ್ಟಿತು. ಏಳೆಂಟು ಸಲಕ್ಕೆ ಕಪ್ಪು ತೆಳುವಾಗುತ್ತದೆ, ಹತ್ತನೇ ಸಲ ಉಕ್ಕು ಕಣ್ಣು ಬಿಡುತ್ತದೆ. ಆಗ ನಿಲ್ಲಿಸಬೇಕು. ಕೈ ಎಲ್ಲಿ ನಿಜವಾಗಿ ತಾಗುತ್ತದೋ ಅಲ್ಲೇ ಸವೆದಿರುತ್ತದೆ, ಯೋಚಿಸಿ ಗೆರೆ ಎಳೆಯುವ ಗೋಜೇ ಇಲ್ಲ. ತಗ್ಗಿನಲ್ಲಿ ಕೂತ ಬೂದಿಯನ್ನು ಹಾಗೇ ಬಿಡುವುದು. ಅದೇ ಅವರ ಯುದ್ಧಭೂಮಿಯ ದೂಳು.

ಒಂದು ಎಚ್ಚರಿಕೆ. ಮೇಲೆ ವಾರ್ನಿಷ್ ಹೊಡೆದರೆ ಬೂದಿ ಮಾಯ. ನಾಲ್ಕು ಜನರನ್ನು ಹೀಗೆ ಕಳೆದುಕೊಂಡು ಮತ್ತೆ ಮೊದಲಿನಿಂದ ಮಾಡಿದೆ. ಈಗ ಐಸೋಪ್ರೊಪೈಲ್ ಒಂದೊಂದು ಹನಿ ತಗ್ಗಿಗೆ ಬಿಟ್ಟು ಕೂರಿಸುತ್ತೇನೆ, ವಾರ್ನಿಷ್ ಇಲ್ಲ. ಆಟದಲ್ಲಿ ಬೇಸ್ (ಗೊಂಬೆಯ ಕಾಲಡಿಯ ತಟ್ಟೆ) ಹಿಡಿದೇ ಎತ್ತಬೇಕು. ಯಾರಾದರೂ ಮೈ ಹಿಡಿದು ಎತ್ತಿದರೆ ಬೈಯುತ್ತೇನೆ. ಇವರನ್ನು ಮುಟ್ಟಬಾರದು ಅನ್ನುವುದು ಕಥೆಗೂ ಸರಿಹೋಯಿತು ಬಿಡಿ.

ಫಾಸ್ಫೆಕ್ಸ್ ಬೆಂಕಿಗೆ ಮೂರು ವಾರ ಹಾಳಾಯಿತು, ಅದು ಬೇಕಾಗಿಯೂ ಇರಲಿಲ್ಲ. ಬಿಳಿ ಹಸಿರು ಜ್ವಾಲೆ, ಅಲುಗಾಡಿದ್ದರ ಹಿಂದೆ ತೆವಳಿಕೊಂಡು ಹೋಗುತ್ತದೆ, ನೀರಿಗೂ ಮಣ್ಣಿಗೂ ಆರಲ್ಲ, ಗಾಳಿಯೇ ಇಲ್ಲದ ಕಡೆ ಮಾತ್ರ ಸಾಯುತ್ತದೆ. ಇಂಥದ್ದನ್ನು ಒಬ್ಬನ ಕಾಲ ಬಳಿ ಬೇಸಿನ ಮೇಲೆ ಮಾಡಬೇಕು ಅಂತ ಹಠ. ಕತ್ತಲಲ್ಲಿ ಹೊಳೆಯುವ ಬಣ್ಣ ತರಿಸಿದೆ, ಹಗಲಲ್ಲಿ ಅದು ವಾಂತಿ ಬಣ್ಣ. ಸಣ್ಣ ಎಲ್‌ಇಡಿ ಹಾಕಿದೆ, ಗಣಪತಿ ಪೆಂಡಾಲ್ ಆಯಿತು. ಕೊನೆಗೆ ಹಳೆ ಗಾದಿಯ ಹತ್ತಿ. ಬಟ್ಟೆ ಗಿರಣಿಗಳ ಊರಿನವನಿಗೆ ಹತ್ತಿ ನೆನಪಾಗಲು ಮೂರು ವಾರ ಬೇಕಾಯಿತು. ನೀರು ಮಾಡಿದ ಫೆವಿಕಾಲಿನಲ್ಲಿ ಅದ್ದಿ, ನೆಲಕ್ಕೆ ಒತ್ತಿ ಎಳೆದು, ಒಳಗೆ ಬಿಳಿ, ತುದಿಗೆ ಹಸಿರು. ನಿಜವಾದ ಬೆಂಕಿಯಂತೆ ಮೇಲಕ್ಕೆ ನಿಲ್ಲಿಸಬೇಡಿ. ತೆವಳುವ ಹಾಗೆ ಅಡ್ಡ ಮಲಗಿಸಿ. ಹಸಿರಿನ ಪಾಲು ಕೇಳಬೇಡಿ, ಅದು ನನ್ನದು.

ಮಧ್ಯೆ ಕಿಲುಬಿನ ಪ್ರಯೋಗವೂ ಆಯಿತು. ತಾಮ್ರದ ತಂಬಿಗೆಯಲ್ಲಿ ಹುಳಿ ಮಜ್ಜಿಗೆ ಇಟ್ಟರೆ ಕಿಲುಬು ಬರುತ್ತದೆ ಅಂತ ಅಜ್ಜಿ ಬೈಯುತ್ತಿದ್ದದ್ದು ನೆನಪಾಗಿ, ತಾಮ್ರದ ತಂತಿಯ ಚೂರುಗಳನ್ನು ಉಪ್ಪು ವಿನೆಗರ್ ಹಾಕಿ ಒಂದು ವಾರ ಬಿಟ್ಟೆ. ಎಂಥ ಹಸಿರು ಅಂತೀರಿ! ಕೆರೆದು ರ‍್ಯಾಡ್ ಮಿಸೈಲ್ ಲಾಂಚರಿನ ತುದಿಗೆ ಹಚ್ಚಿದೆ. ಎರಡು ದಿನಕ್ಕೆ ಪಕ್ಕದ ಉಕ್ಕಿನ ಬಣ್ಣವೂ ಮಂಕಾಯಿತು. ಅದು ವಿಷ ಬೇರೆ. ವಿಷದ ಆಯುಧದ ಗೊಂಬೆಗೆ ನಿಜವಾದ ವಿಷ ಹಚ್ಚಿ ಮಕ್ಕಳಿರುವ ಮನೆಯಲ್ಲಿ ಇಡುವುದು ಬೇಡ ಅಂತ ತೊಳೆದು ಹಾಕಿದೆ. ಆ ತಂಬಿಗೆಯ ಕಥೆ ಹೆಂಡತಿಗೆ ಗೊತ್ತಾಗದ ಹಾಗೆ ತಂತಿಯಲ್ಲೇ ಮಾಡಿದ್ದು ಪುಣ್ಯ.

ಬೇಸಿನ ಕಲ್ಲು ಚಿತ್ರದುರ್ಗದ ಕಡೆಯದು. ಕೋಟೆಯದಲ್ಲ, ಅಲ್ಲಿ ಒಂದು ಚೂರೂ ಮುಟ್ಟಬಾರದು. ಹೆದ್ದಾರಿ ಪಕ್ಕದ ಜಲ್ಲಿ ರಾಶಿಯಿಂದ ಒಂದು ಮುಷ್ಟಿ. ಕೋಟೆಗೆ ಹೋಗಿದ್ದು ನೋಡಲಿಕ್ಕೆ. ಆ ಬಂಡೆಗಳು ದುಂಡಗೆ, ಒಂದರ ಮೇಲೊಂದು, ಮಳೆ ನೀರು ಇಳಿದ ಕಪ್ಪು ಪಟ್ಟೆಗಳು. ಸುಟ್ಟ ಗ್ರಹ ಅಂದರೆ ಚೂಪು ಕಲ್ಲು ಅಂತಲೇ ಎಲ್ಲರೂ ಮಾಡುತ್ತಾರೆ. ನಾನು ದುಂಡು ಕಲ್ಲು ಇಟ್ಟು ಆ ಪಟ್ಟೆ ಇಳಿಸಿದೆ. ಕೆಲಸ ಮಾಡಿತು.

ಖರ್ಚು. ಬಿಲ್ ಇಟ್ಟಿಲ್ಲ, ನೆನಪಿನಿಂದ ಹೇಳುತ್ತೇನೆ. ಮೈಗಳು ಎರಡು ಸಾವಿರದ ಇನ್ನೂರು, ಕರಗಿದ ಮೂವರ ಬದಲಿಗೆ ಇನ್ನೊಂದು ಏಳುನೂರು. ಪಿಸ್ತೂಲು ಮತ್ತು ಲಾಂಚರ್ ಎರಡು ಕಂತು ಸೇರಿ ಸಾವಿರದ ಹತ್ತಿರ. ಸ್ಪ್ರೇ ಡಬ್ಬಿ ಮೂರು, ಅದರಲ್ಲಿ ಎರಡು ದಂಡ. ಹೊಳೆಯುವ ಬಣ್ಣ ಮುನ್ನೂರೈವತ್ತು, ಪೂರಾ ದಂಡ. ಒಟ್ಟು ಐದೂವರೆ ಸಾವಿರ ಆಗಿರಬೇಕು. ತಪ್ಪು ಮಾಡದೆ ಮಾಡಿದರೆ ಮೂರೂವರೆಗೆ ಮುಗಿಯುತ್ತದೆ. ರೆಸಿನ್ ತುಕಡಿಯನ್ನೇ ಇಂಗ್ಲೆಂಡಿನಿಂದ ತರಿಸಿದ್ದರೆ ಕೊರಿಯರ್, ಸುಂಕ ಸೇರಿ ಇದರ ಎರಡು ಪಟ್ಟಿಗೆ ಕಡಿಮೆ ಇಲ್ಲ. ಬೂದಿ ಬಿಟ್ಟಿ.

ಡಿಸೆಂಬರಿನಲ್ಲಿ ಮೊದಲ ಆಟ. ಪಿ.ಜೆ. ಬಡಾವಣೆಯ ಗೆಳೆಯರ ಮನೆ, ಎದುರು ಇಂಪೀರಿಯಲ್ ಫಿಸ್ಟ್ಸ್ ಲೀಜನ್, ಹಳದಿ ಹಳದಿ. ನಾವಿನ್ನೂ ಹಳೆ ನಿಯಮಗಳಲ್ಲೇ ಆಡುವುದು. ಅದರಲ್ಲಿ ರ‍್ಯಾಡ್ ಗ್ರೆನೇಡ್ ಬಿದ್ದರೆ ಎದುರಿನವರ ಟಫ್‌ನೆಸ್ (ಏಟು ತಾಳುವ ಅಂಕ) ಒಂದು ಇಳಿಯುತ್ತದೆ. ಕೇಳಲು ಸಣ್ಣದು, ಆದರೆ ನಾಲ್ಕು ಮೂರಾದ ಮೇಲೆ ದಾಳ ಬೇರೆಯೇ ಮಾತಾಡುತ್ತದೆ. ನಾಲ್ಕನೇ ಸುತ್ತಿಗೆ ಅವರ ಎಡಬದಿ ಖಾಲಿ. ನನ್ನವರು ಹತ್ತರಲ್ಲಿ ಏಳು ಸತ್ತರು, ಆಟ ಸೋತೆ ಕೂಡ, ಯಾಕೆಂದರೆ ಉಳಿದ ನೀಲಿ ಪಡೆಯನ್ನು ಮರೆತು ಇವರನ್ನೇ ಆಡಿಸುತ್ತಿದ್ದೆ. ಆದರೆ ಮಿರ್ಚಿ ಮಂಡಕ್ಕಿ ಬಂದಾಗ ಎಲ್ಲರೂ ಟೇಬಲ್ಲಿನ ಈ ಮೂಲೆಗೇ ಬಗ್ಗಿದ್ದರು. ಪಾತ್ರೆಯ ಜೋಕು ಮಾಡಿದವರು ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಇದು ಏರ್‌ಬ್ರಷ್ಷಾ?" ಅಂತ ಕೇಳಿದರು. ಎಣ್ಣೆ ಕೈಯಲ್ಲಿ ಮುಟ್ಟಬೇಡಿ ಅಂತ ಮಾತ್ರ ಹೇಳಿದೆ.

ಈಗ ಎರಡನೇ ತುಕಡಿ ಶುರು ಮಾಡಿದ್ದೇನೆ, ಈ ಸಲ ಬೆನ್ನಿಗೆ ಕಟ್ಟಿ ಹಾರುವ ಜಂಪ್ ಪ್ಯಾಕ್ ಸಮೇತ. ಮೊನ್ನೆ ಬೂದಿಗೆ ಹೋದೆ. ಭಟ್ಟಿಯವನು ಚೀಲ ಕಟ್ಟಿ ಇಟ್ಟಿದ್ದ. "ನಿಮ್ಮ ಕಡೆಯವರು ಇನ್ನಿಬ್ಬರು ಬಂದು ಕೇಳಿ ಹೋದರು ಸಾರ್" ಅಂದ. ಕೈ ಚಾಚಿದೆ. ಚೀಲ ಕೊಡಲಿಲ್ಲ. "ಇಪ್ಪತ್ತು ರೂಪಾಯಿ" ಅಂದ.