ಸ್ಕ್ಯಾನಿನಲ್ಲಿ ಏನೂ ಇಲ್ಲ, ನೋವು ಮಾತ್ರ ಬಿಡುತ್ತಿಲ್ಲ: ಏನು ಮಾಡಬೇಕು, ಹೇಗೆ ಮಾಡಬೇಕು

ಎಕ್ಸ್‌ರೇ ಸರಿಯಿದೆ, ರಕ್ತ ಪರೀಕ್ಷೆ ಸರಿಯಿದೆ, ಆದರೂ ಸೊಂಟವೋ ಕುತ್ತಿಗೆಯೋ ನೋಯುವುದು ನಿಂತಿಲ್ಲ. ಕೊಡಗಿನ ಮನೆಗಳಲ್ಲಿ ಆಗ ಕೇಳಿಬರುವ ಮಾತು ಎರಡು. ಒಂದು, 'ಮೈಸೂರಿಗೆ ಹೋಗಿ ಇನ್ನೊಂದು ಎಂಆರ್‌ಐ ಮಾಡಿಸು.' ಇನ್ನೊಂದು, 'ಎಲ್ಲಾ ನಿನ್ನ ಮನಸ್ಸಿನದ್ದು.' ಎರಡರಿಂದಲೂ ನೋವು ಕಡಿಮೆಯಾಗುವುದಿಲ್ಲ. ಮೂರು ತಿಂಗಳು ಮೀರಿದ ನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ಅಷ್ಟರಲ್ಲಿ ಉಳುಕಿದ ಸ್ನಾಯು ಸಾಮಾನ್ಯವಾಗಿ ಮಾಗಿರುತ್ತದೆ, ನೋವು ಹುಟ್ಟಿಸುವ ನರಮಂಡಲ ಮಾತ್ರ ಹಳೆಯ ಚುರುಕಿನಲ್ಲೇ ಉಳಿದಿರುತ್ತದೆ, ಬಹುಕಾಲದ ಒತ್ತಡ ಅದನ್ನು ಇನ್ನೂ ಕೆರಳಿಸುತ್ತದೆ. ಆ ಚುರುಕನ್ನು ಇಳಿಸುವ ಕೆಲಸ ಇಲ್ಲಿದೆ.

ಮೊದಲು ಇವನ್ನು ಬಿಟ್ಟುಬಿಡಬೇಡಿ

ಒತ್ತಡದ ನೋವು ಎಂದು ನೀವೇ ತೀರ್ಮಾನಿಸುವ ಮುನ್ನ ಒಮ್ಮೆ ವೈದ್ಯರಿಗೆ ತೋರಿಸಲೇಬೇಕು. ಮೂತ್ರ ಅಥವಾ ಮಲದ ಹತೋಟಿ ತಪ್ಪಿದರೆ, ತೊಡೆಸಂದಿ ಜೋಮು ಹಿಡಿದರೆ, ಕಾಲಿನ ಬಲ ಕುಂದುತ್ತಾ ಹೋದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದ ಮೇಲೆ ಶುರುವಾದ ಬೆನ್ನುನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದವರ ಹೊಸ ನೋವು, ಎದೆಯಿಂದ ತೋಳಿಗೋ ದವಡೆಗೋ ಹರಡುವ ನೋವು, ಇವೂ ಕಾಯುವಂಥವಲ್ಲ. ಮಳೆಗಾಲದಲ್ಲಿ ಜ್ವರದ ಜೊತೆ ಮೀನಖಂಡ ಸಿಡಿಯುವ ಹಾಗೆ ನೋಯುತ್ತಿದ್ದರೆ ಇಲಿ ಜ್ವರ ಇರಬಹುದು. ಗದ್ದೆ, ತೋಟದ ಕೆಸರಿನಲ್ಲಿ ಬರಿಗಾಲಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಲು ಮರೆಯಬೇಡಿ. ಮೈಯೆಲ್ಲಾ ನೋವು, ಸುಸ್ತು ಎಂದಾದರೆ ಥೈರಾಯ್ಡ್, ಬಿ12, ವಿಟಮಿನ್ ಡಿ ಒಮ್ಮೆ ನೋಡಿಸಿ. ಅಷ್ಟು ಸರಿಯಿದ್ದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಬೇಡ. ನೋವೇ ಇಲ್ಲದ ನಡುವಯಸ್ಸಿನವರ ಎಂಆರ್‌ಐನಲ್ಲೂ ಡಿಸ್ಕ್ ಸವೆತ, ಡಿಸ್ಕ್ ಉಬ್ಬು ಧಾರಾಳವಾಗಿ ಕಾಣುತ್ತವೆ. ಆ ವರದಿ ಓದಿ ಹೆದರಿದ್ದರಿಂದಲೇ ನೋವು ಹೆಚ್ಚಿಸಿಕೊಂಡವರು ಬಹಳ.

ಒಳಗೆ ನಡೆಯುವುದೇನು

ಚರ್ಮ, ಸ್ನಾಯು, ಕೀಲುಗಳಿಂದ ಹೊರಟ ಸುದ್ದಿ ಬೆನ್ನುಹುರಿಗೆ ಬಂದು, ಅಲ್ಲಿಂದ ಮಿದುಳಿನೊಳಗೆ ಸುದ್ದಿ ಹಂಚುವ ಥಲಾಮಸ್ ದಾಟಿ ಮಿದುಳಿನ ಹಲವು ಭಾಗಗಳಿಗೆ ಹೋಗುತ್ತದೆ. ಈ ಸುದ್ದಿಗೆ ಬೆನ್ನುಹುರಿಯಲ್ಲೇ ತಡೆ ಬೀಳಬಹುದು ಎಂದು ನೋವಿನ ಸಂಶೋಧಕರಾದ ಮೆಲ್ಜಾಕ್ ಮತ್ತು ವಾಲ್ 1965ರಲ್ಲೇ ಹೇಳಿದ್ದರು. ಮಿದುಳುಕಾಂಡದಿಂದ ಕೆಳಗಿಳಿಯುವ ನರಗಳು ಬೆನ್ನುಹುರಿಯಲ್ಲಿ ನೋವನ್ನು ಅದುಮಲೂಬಲ್ಲವು, ಎತ್ತಿಕೊಡಲೂಬಲ್ಲವು. ಆನೆ ಅಟ್ಟಿಸಿಕೊಂಡು ಬಂದಾಗ ಕಾಲು ಉಳುಕಿದ್ದು ಮನೆ ಸೇರಿದ ಮೇಲಷ್ಟೇ ತಿಳಿಯುವುದು ಅದುಮುವ ದಾರಿಯಿಂದ. ಆ ಕ್ಷಣದ ಒತ್ತಡ ನೋವನ್ನು ಮುಚ್ಚುತ್ತದೆ.

ತಿಂಗಳುಗಟ್ಟಲೆ ಎಳೆದ ಒತ್ತಡದ ಲೆಕ್ಕ ಬೇರೆ. ಭಯವನ್ನು ಅಳೆಯುವ ಮಿದುಳಿನ ಭಾಗ ಅಮಿಗ್ಡಲಾ ಸದಾ ಎಚ್ಚರವಾಗಿರುತ್ತದೆ. ಅದನ್ನು ಸಮಾಧಾನಪಡಿಸಬೇಕಾದ ಹಣೆಯ ಹಿಂದಿನ ಪ್ರಿಫ್ರಂಟಲ್ ಭಾಗದ ಹಿಡಿತ ಸಡಿಲವಾಗುತ್ತದೆ. ಮಿದುಳಿನ ಹೈಪೋಥಲಾಮಸ್, ಪಿಟ್ಯುಟರಿ ಗ್ರಂಥಿ, ಕಿಡ್ನಿಯ ಮೇಲಿನ ಅಡ್ರಿನಲ್ ಗ್ರಂಥಿ, ಈ ಸರಣಿಯಿಂದ ಬರುವ ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ಬೆಳಿಗ್ಗೆ ಏರಿ ರಾತ್ರಿ ಇಳಿಯುವ ತನ್ನ ಲಯ ತಪ್ಪಬಹುದು. ಕೆಳಗಿಳಿಯುವ ದಾರಿಯಲ್ಲಿ ಅದುಮುವುದು ಕಡಿಮೆಯಾಗಿ ಎತ್ತಿಕೊಡುವುದು ಹೆಚ್ಚಾಗುತ್ತದೆ. ಬೆನ್ನುಹುರಿಯ ನರಕೋಶಗಳೂ ಸಣ್ಣ ಸುದ್ದಿಗೆ ದೊಡ್ಡದಾಗಿ ಮಿಡಿಯಲು ಕಲಿತುಬಿಡುತ್ತವೆ. ತೋಟದ ಸೋಲಾರ್ ಬೇಲಿಗೆ ಸೈರನ್ ಹಾಕಿಸಿದವರಿಗೆ ಇದು ಗೊತ್ತು: ಬಳ್ಳಿ ತಾಗಿದರೂ ಕೂಗುತ್ತದೆ. ಸೈರನ್ ಕೂಗಿದ್ದು ಸುಳ್ಳಲ್ಲ, ಆನೆ ಬಂದಿಲ್ಲ ಅಷ್ಟೇ.

ಎರಡು ವಾರದ ಲೆಕ್ಕ

ಒಂದು ನೋಟ್ ಪುಸ್ತಕ ಸಾಕು. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೋವಿಗೆ 0ಯಿಂದ 10ರೊಳಗೆ ಅಂಕ ಹಾಕಿ. ಪಕ್ಕದಲ್ಲಿ ಹಿಂದಿನ ರಾತ್ರಿಯ ನಿದ್ದೆ, ಮಾಡಿದ ಕೆಲಸ ಮತ್ತು ಅದರ ಹೊತ್ತು, ಆ ದಿನದ ತಲೆಬಿಸಿ ಬರೆಯಿರಿ. ತಲೆಬಿಸಿ ಎಂದರೆ ಬ್ಯಾಂಕಿನ ಕಾಗದ, ಮನೆಯ ಜಗಳ, ಆನೆ ಬಂದ ರಾತ್ರಿ, ಬಿಡದೆ ಸುರಿದ ಮಳೆ, ಏನಾದರೂ ಸರಿ. 2018ರ ಆಗಸ್ಟಿನಲ್ಲಿ ಕೊಡಗಿನ ಬರೆ (ಗುಡ್ಡದ ಇಳಿಜಾರು) ಕುಸಿದದ್ದನ್ನು ಕಂಡವರು ಮಳೆಯ ಕಾಲಂ ಬಿಡದೆ ತುಂಬಲಿ. ಹದಿನಾಲ್ಕು ದಿನ ಆದ ಮೇಲೆ ನೋಡಿ: ನೋವು ಏರಿದ್ದು ಭಾರ ಹೊತ್ತ ದಿನವೋ, ನಿದ್ದೆಗೆಟ್ಟ ಮರುದಿನವೋ? ಜಾಗ ಬದಲಿಸುವ ನೋವು, ಬಿಡುವಿನ ದಿನವೂ ಏರುವ ನೋವು, ಮನಸ್ಸು ಬೇರೆಡೆ ಹೋದಾಗ ಮರೆಯುವ ನೋವು, ಇವು ನರಮಂಡಲದ ಚುರುಕಿನ ಕಡೆ ಬೆರಳು ತೋರಿಸುತ್ತವೆ. ಎರಡು ವಾರದ ನಂತರ ಬರೆಯುವುದನ್ನು ನಿಲ್ಲಿಸಿ. ದಿನವೂ ನೋವು ಅಳೆಯುತ್ತಾ ಕುಳಿತರೆ ಮಿದುಳಿನ ಗಮನವೆಲ್ಲಾ ಅಲ್ಲೇ ಕಟ್ಟಿಹಾಕಿದಂತಾಗುತ್ತದೆ.

ಕೆಲಸದ ಅಳತೆ

ಹೆಚ್ಚಿನವರು ಎಡವುವುದು ಇಲ್ಲಿ. ನೋವಿಲ್ಲದ ದಿನ ಬಾಕಿ ಕೆಲಸವನ್ನೆಲ್ಲಾ ಎಳೆದುಹಾಕುತ್ತಾರೆ, ಮುಂದಿನ ಮೂರು ದಿನ ಮಲಗುತ್ತಾರೆ. ಕೊಡಗಿನಲ್ಲಂತೂ ವರ್ಷದ ಚಕ್ರವೇ ಹಾಗಿದೆ. ಕೊಯ್ಲಿನ ತಿಂಗಳುಗಳಲ್ಲಿ ಮೈಮುರಿ ದುಡಿತ, ಜೂನ್ ಹಿಡಿದ ಮಳೆಯಲ್ಲಿ ಹಲವರಿಗೆ ಓಡಾಟವೇ ಇಲ್ಲ. ನೋವು ಕೈಮೀರಿದಾಗಲೇ ಕೆಲಸ ನಿಲ್ಲಿಸುವುದರಿಂದ, ಬಗ್ಗಿದರೆ ಅಪಾಯ ಎಂಬ ಪಾಠವನ್ನು ಮಿದುಳು ಗಟ್ಟಿ ಮಾಡಿಕೊಳ್ಳುತ್ತದೆ. ಆದ್ದರಿಂದ ನೋವು ನೋಡಿ ನಿಲ್ಲಿಸಬೇಡಿ, ಗಡಿಯಾರ ನೋಡಿ ನಿಲ್ಲಿಸಿ.

ನಿಮಗೆ ಕಷ್ಟವಾಗುವ ಒಂದೇ ಕೆಲಸ ಆರಿಸಿ. ಬಗ್ಗಿ ಕಳೆ ಕೀಳುವುದು ಎಂದಿಟ್ಟುಕೊಳ್ಳೋಣ. ಮೂರು ದಿನ, ನೋವು ಏರಲು ಶುರುವಾಗುವವರೆಗೆ ಎಷ್ಟು ನಿಮಿಷ ಆಯಿತು ನೋಡಿ. 40, 25, 40 ಬಂದರೆ ಸರಾಸರಿ 35. ಅದರಲ್ಲಿ ಐದನೇ ಒಂದು ಪಾಲು ತೆಗೆದರೆ 28. ಮೊದಲ ವಾರ ದಿನಕ್ಕೆ 28 ನಿಮಿಷ. ಮೈ ಹಗುರ ಇದ್ದರೂ ಅಷ್ಟೇ, ಭಾರ ಇದ್ದರೂ ಅಷ್ಟೇ. ವಾರಕ್ಕೆ ನೂರಕ್ಕೆ ಹತ್ತರಂತೆ ಏರಿಸಿ: 31, 34, 37. ಒಂಬತ್ತನೇ ವಾರಕ್ಕೆ ಒಂದು ಗಂಟೆ ಮುಟ್ಟುತ್ತದೆ. ಸೆಪ್ಟೆಂಬರ್ ಮೊದಲಿಗೆ ಬರುವ ಕೊಡವರ ಹಬ್ಬ ಕೈಲ್ ಪೊಳ್ದ್ ಕಳೆದ ಕೂಡಲೇ ಹಿಡಿದರೆ ಅರೇಬಿಕಾ ಕಾಫಿ ಹಣ್ಣಾಗುವ ಹೊತ್ತಿಗೆ ಮೈ ಹದಕ್ಕೆ ಬರುತ್ತದೆ. ಕೊಯ್ಲು ಶುರುವಾದ ದಿನವೇ ಶುರು ಮಾಡಿದರೆ ಫಲವಿಲ್ಲ.

ಕೆಲಸದ ನಡುವೆ ನೋವು ಎರಡು ಅಂಕ ಏರಿ ಮರುದಿನ ಬೆಳಿಗ್ಗೆಗೆ ಇಳಿದರೆ ಚಿಂತೆಯಿಲ್ಲ. ಎರಡು ದಿನವಾದರೂ ಇಳಿಯದಿದ್ದರೆ ಹಿಂದಿನ ವಾರದ ಅಳತೆಗೆ ಹೋಗಿ. ಪೂರ್ತಿ ನಿಲ್ಲಿಸಬೇಡಿ. ಮಳೆಯಲ್ಲಿ ಹೊರಗೆ ಕಾಲಿಡಲಾಗದಿದ್ದರೆ ಜಗಲಿಯಲ್ಲೇ ಅಷ್ಟು ನಿಮಿಷ ನಡೆದರೂ ಆದೀತು.

ಕೆ.ಜಿ. ಲೆಕ್ಕದಲ್ಲಿ ಕಾಫಿ ಹಣ್ಣು ಕೊಯ್ಯುವವರಿಗೆ ನಿಮಿಷದ ಲೆಕ್ಕ ಕೂಲಿಗೆ ಹೊಡೆತ, ಅದು ನಿಜ. ಅವರು ನಿಲ್ಲಿಸುವ ಬದಲು ಭಂಗಿ ಬದಲಿಸಲಿ: ಅರ್ಧ ಗಂಟೆ ಗಿಡದ ಮೇಲಿನ ರೆಕ್ಕೆ (ಕೊಂಬೆ), ಅರ್ಧ ಗಂಟೆ ಕೆಳಗಿನ ರೆಕ್ಕೆ. ಚೀಲ ತುಂಬಿಸಿ ಒಂದೇ ಸಲ ಹೊರುವ ಬದಲು ಅರ್ಧರ್ಧ ಎರಡು ಸಲ. ಸಾಲು ಶುರುವಾಗುವ ಮೊದಲೇ ಮೇಸ್ತ್ರಿಗೆ ಒಂದು ಮಾತು ಹೇಳಿಟ್ಟರೆ ನಡುವೆ ಜಗಳ ಇರುವುದಿಲ್ಲ.

ಉಸಿರು, ನಿದ್ದೆ, ಕಾಫಿ

ನಾಲ್ಕು ಎಣಿಸುತ್ತಾ ಮೂಗಿನಿಂದ ಉಸಿರೆಳೆದು, ಆರು ಎಣಿಸುತ್ತಾ ಬಿಡಿ. ನಿಮಿಷಕ್ಕೆ ಆರು ಉಸಿರು. ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಬಿಡುವ ಉಸಿರು ಉದ್ದವಾದಾಗ ಮಿದುಳಿನಿಂದ ಹೃದಯಕ್ಕೆ ಇಳಿಯುವ ವೇಗಸ್ ನರದ ಮೂಲಕ ಎದೆಬಡಿತ ನಿಧಾನವಾಗುತ್ತದೆ. ತಲೆ ಸುತ್ತಿದರೆ ಬಹಳ ಆಳಕ್ಕೆ ಎಳೆಯುತ್ತಿದ್ದೀರಿ ಎಂದರ್ಥ, ಮೆಲ್ಲಗೆ ಎಳೆಯಿರಿ.

ಒಂದು ರಾತ್ರಿ ನಿದ್ದೆ ಕೆಟ್ಟರೂ ಮರುದಿನ ನೋವು ತಡೆಯುವ ಶಕ್ತಿ ಕುಗ್ಗುತ್ತದೆ. ಮಲಗುವ ಹೊತ್ತಿಗಿಂತ ಏಳುವ ಹೊತ್ತನ್ನು ಕಟ್ಟುನಿಟ್ಟು ಮಾಡಿ, ಭಾನುವಾರವೂ ಸೇರಿ. ಕೆಫೀನಿನ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಮಧ್ಯಾಹ್ನ ಎರಡರ ನಂತರ ಬೆಲ್ಲದ ಕಾಫಿ ಬೇಡ. ಕಾಫಿ ಬೆಳೆಯುವ ಊರಿನಲ್ಲಿ ಹೇಳಲು ಸಂಕೋಚ, ಹೇಳದೆ ವಿಧಿಯಿಲ್ಲ. ರಾತ್ರಿಯ ಪೆಗ್ ಬೇಗ ನಿದ್ದೆ ತರುತ್ತದೆ ನಿಜ, ಬೆಳಗಿನ ಜಾವದ ನಿದ್ದೆಯನ್ನು ಚೂರು ಮಾಡುತ್ತದೆ.

ಹೆದರಿಕೆ ಬಿಡಿಸುವುದು

ನೋವು ಬಂದಾಗ 'ಏನೋ ಹರಿಯಿತು' ಎಂದುಕೊಳ್ಳುವ ಬದಲು ಎರಡು ನಿಮಿಷ ಅದನ್ನೇ ಗಮನಿಸಿ: ಬಿಸಿಯೋ, ಬಿಗಿತವೋ, ಜಾಗ ಬದಲಿಸುತ್ತಿದೆಯೋ? 'ವೈದ್ಯರು ನೋಡಿದ್ದಾರೆ, ಇದು ಗಾಯವಲ್ಲ' ಎಂದು ಹೇಳಿಕೊಂಡು, ಹೆದರಿ ಬಿಟ್ಟಿದ್ದ ಚಲನೆಯನ್ನು ಮೆಲ್ಲಗೆ ಒಮ್ಮೆ ಮಾಡಿ. ಇದೇ ತತ್ವದ ಚಿಕಿತ್ಸೆಯನ್ನು ಅಮೆರಿಕದಲ್ಲಿ ದೀರ್ಘಕಾಲದ ಬೆನ್ನುನೋವಿದ್ದ 151 ಮಂದಿಯ ಪ್ರಯೋಗದಲ್ಲಿ ನೋಡಿದ್ದಾರೆ. ನಾಲ್ಕು ವಾರ ಚಿಕಿತ್ಸೆ ಪಡೆದವರಲ್ಲಿ ಶೇ. 66 ಮಂದಿಗೆ ನೋವು ಇಲ್ಲವೆನ್ನುವಷ್ಟು ಇಳಿಯಿತು, ಎಂದಿನ ಚಿಕಿತ್ಸೆಯಲ್ಲೇ ಮುಂದುವರಿದವರಲ್ಲಿ ಶೇ. 10. ಅಲ್ಲಿ ನುರಿತ ಚಿಕಿತ್ಸಕರಿದ್ದರು, ಮನೆಯಲ್ಲಿ ಒಬ್ಬರೇ ಮಾಡುವಾಗ ಅಷ್ಟೇ ಫಲ ನಿರೀಕ್ಷಿಸಬೇಡಿ.

ಮಾತ್ರೆ, ಮತ್ತೆ ಸಹಾಯ

ನೋವಿನ ಮಾತ್ರೆ ಡೈಕ್ಲೋಫೆನಾಕ್ ಊತದ ನೋವಿಗೆ ಆಗುವಷ್ಟು ಈ ನೋವಿಗೆ ಆಗದು, ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆ, ಕಿಡ್ನಿ ಎರಡಕ್ಕೂ ಕೇಡು. ತಲೆನೋವಿಗೆ ತಿಂಗಳಲ್ಲಿ 15 ದಿನ ಅಥವಾ ಹೆಚ್ಚು ಪ್ಯಾರಾಸಿಟಮಾಲ್ ತೆಗೆದುಕೊಂಡರೆ ಮಾತ್ರೆಯೇ ತಲೆನೋವು ತರಬಹುದು. ವೈದ್ಯರು ಅಮಿಟ್ರಿಪ್ಟಿಲಿನ್ ಅಥವಾ ಡುಲೋಕ್ಸೆಟಿನ್ ಬರೆದುಕೊಟ್ಟರೆ 'ಡಿಪ್ರೆಶನ್ ಮಾತ್ರೆ ಕೊಟ್ಟರು' ಎಂದು ಮುನಿಯಬೇಡಿ. ಮಿದುಳಿನಿಂದ ಕೆಳಗಿಳಿಯುವ ಅದುಮುವ ದಾರಿಗೆ ಅವು ಬಲ ಕೊಡುತ್ತವೆ. ಫಲ ಕಾಣಲು ಕೆಲವು ವಾರ ಬೇಕು, ನಿಲ್ಲಿಸುವಾಗ ವೈದ್ಯರನ್ನು ಕೇಳಿ ಹಂತಹಂತವಾಗಿ ನಿಲ್ಲಿಸಬೇಕು.

ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗುವಾಗ ಎರಡು ವಾರದ ನೋಟ್ ಪುಸ್ತಕ ಜೊತೆಗಿರಲಿ. ಹಳೆಯ ಸ್ಕ್ಯಾನಿನ ಕಟ್ಟಿಗಿಂತ ಅದೇ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ. ನಿದ್ದೆಯೂ ಊಟವೂ ಬೇಡವಾಗಿ, ಬದುಕೇ ಬೇಡ ಎನಿಸಿದರೆ 14416ಕ್ಕೆ ಕರೆ ಮಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.