ಮರೆಯಲ್ಲಿ ಬಂದೂಕು ಒಯ್ಯುವ ಪರವಾನಗಿ: ಅಮೆರಿಕದ ಮಸೂದೆಯನ್ನು ಓದುವುದು ಹೇಗೆ?

ಪೆನ್ಸಿಲ್ವೇನಿಯಾದ ಫಿಲಡೆಲ್ಫಿಯಾದಿಂದ ಬೆಂಜಮಿನ್ ಫ್ರಾಂಕ್ಲಿನ್ ಸೇತುವೆ ದಾಟಿದರೆ ನ್ಯೂಜೆರ್ಸಿಯ ಕ್ಯಾಮ್ಡನ್ ಸಿಗುತ್ತದೆ. ಕಾರಿನಲ್ಲಿ ಕೆಲವೇ ನಿಮಿಷಗಳ ದಾರಿ. ಆದರೆ ಅಂಗಿಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಂಡವರ ಪಾಲಿಗೆ ಡೆಲವೇರ್ ನದಿಯ ಆ ದಡ ಬೇರೆಯೇ ಲೋಕ. ಪೆನ್ಸಿಲ್ವೇನಿಯಾದ ಪರವಾನಗಿಗೆ ಸುಮಾರು 20 ಡಾಲರ್ ಶುಲ್ಕ, ಐದು ವರ್ಷ ಅವಧಿ. ನ್ಯೂಜೆರ್ಸಿಯದಕ್ಕೆ 200 ಡಾಲರ್ ಶುಲ್ಕ, ಎರಡೇ ವರ್ಷ ಅವಧಿ. ಅದಕ್ಕಿಂತ ಮುಖ್ಯವಾಗಿ, ಬೇರೆ ಯಾವ ರಾಜ್ಯದ ಪರವಾನಗಿಯನ್ನೂ ನ್ಯೂಜೆರ್ಸಿ ಮಾನ್ಯ ಮಾಡುವುದಿಲ್ಲ. 2013ರಲ್ಲಿ ಫಿಲಡೆಲ್ಫಿಯಾದ ತಾಯಿಯೊಬ್ಬರು ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಸಂಚಾರ ತಪಾಸಣೆಗೆ ಸಿಕ್ಕಿದಾಗ, ತಮ್ಮ ಬಳಿ ಪಿಸ್ತೂಲಿದೆ, ಅದಕ್ಕೆ ಪೆನ್ಸಿಲ್ವೇನಿಯಾದ ಪರವಾನಗಿಯೂ ಇದೆ ಎಂದು ತಾವಾಗಿಯೇ ಪೊಲೀಸರಿಗೆ ಹೇಳಿದರು. ಆ ಪ್ರಾಮಾಣಿಕ ಮಾತೇ ಅವರ ಬಂಧನಕ್ಕೆ ಕಾರಣವಾಯಿತು. ಕಡ್ಡಾಯ ಸೆರೆವಾಸದ ಭಯದಲ್ಲಿ ದಿನ ದೂಡಿದ ಅವರಿಗೆ 2015ರಲ್ಲಿ ಅಂದಿನ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ನೀಡಿದರು.

ಈ ಗೋಜಲನ್ನು ಬಿಡಿಸುವುದಾಗಿ ಹೇಳುವ ಮಸೂದೆಯೊಂದು ಅಮೆರಿಕದ ಸಂಸತ್ತಿನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಒಂದು ರಾಜ್ಯದಲ್ಲಿ ಮರೆಯಲ್ಲಿ ಬಂದೂಕು ಒಯ್ಯುವ ಹಕ್ಕಿದ್ದವರನ್ನು ಉಳಿದ ರಾಜ್ಯಗಳೂ ಮಾನ್ಯ ಮಾಡಬೇಕು ಎಂಬ “ಪರಸ್ಪರ ಮಾನ್ಯತೆ” ಅದರ ತಿರುಳು. ನಾರ್ತ್ ಕ್ಯಾರೊಲೈನಾದ ಪ್ರತಿನಿಧಿ ರಿಚರ್ಡ್ ಹಡ್ಸನ್ 2025ರ ಜನವರಿಯಲ್ಲಿ ಮಂಡಿಸಿದ ಎಚ್.ಆರ್. 38 (ಎಚ್.ಆರ್. ಎಂದರೆ ಪ್ರತಿನಿಧಿ ಸಭೆಯ ಮಸೂದೆ) ಅದರ ಇತ್ತೀಚಿನ ರೂಪ. ಬಂದೂಕು ಇಟ್ಟುಕೊಂಡ ಕನ್ನಡಿಗರು ಅಲ್ಲಿ ಇದ್ದಾರೆ. ಅವರಲ್ಲಿ ಹಲವರು ಈ ಮಸೂದೆಯನ್ನು ವಾಟ್ಸ್ಆ್ಯಪ್‌ನಲ್ಲಿ ಬಂದ ಎರಡು ಸಾಲಿನಿಂದಷ್ಟೇ ಬಲ್ಲರು. ತಪ್ಪಿಗೆ ಸೆರೆವಾಸವೇ ಬೆಲೆಯಾಗಿರುವ ವಿಷಯದಲ್ಲಿ ಅಷ್ಟು ಸಾಲದು. ಮಸೂದೆಯ ಮೂಲಪಠ್ಯ ಕೆಲವೇ ಪುಟಗಳದು. ಒಂದು ಸಂಜೆ ಕೂತು ಓದಿ ಮುಗಿಸಬಹುದು.

ಮೊದಲ ಹೆಜ್ಜೆ: ಮಸೂದೆ ಯಾವ ಮೆಟ್ಟಿಲಲ್ಲಿದೆ?

ಸಂಸತ್ತಿನ ಅಧಿಕೃತ ಜಾಲತಾಣ ಕಾಂಗ್ರೆಸ್ ಡಾಟ್ ಗವ್‌ನಲ್ಲಿ ಮಸೂದೆಯ ಸಂಖ್ಯೆ ಕೊಟ್ಟು ಹುಡುಕಿದರೆ ಪಠ್ಯವೂ ಅದರ ಪಯಣದ ವಿವರವೂ ಸಿಗುತ್ತವೆ. ಸಂಖ್ಯೆಯ ಜೊತೆಗೆ ವರ್ಷವನ್ನೂ ನೋಡಿಕೊಳ್ಳಬೇಕು, ಏಕೆಂದರೆ ಎಚ್.ಆರ್. 38 ಎಂಬ ಇದೇ ಸಂಖ್ಯೆ 2017ರ ಮಸೂದೆಗೂ ಇತ್ತು. ಅದು ಆ ವರ್ಷದ ಡಿಸೆಂಬರ್ 6ರಂದು ಪ್ರತಿನಿಧಿ ಸಭೆಯಲ್ಲಿ 231–198 ಮತಗಳಿಂದ ಗೆದ್ದು, ಸೆನೆಟ್‌ನಲ್ಲಿ ಮತಕ್ಕೇ ಬಾರದೆ ಕೊನೆಗೊಂಡಿತು. ಸೆನೆಟ್‌ನಲ್ಲಿ ಇಂಥ ಮಸೂದೆಯ ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 60 ಮತಗಳು ಬೇಕು. 2013ರಲ್ಲಿ ಟೆಕ್ಸಾಸ್‌ನ ಸೆನೆಟರ್ ಜಾನ್ ಕಾರ್ನಿನ್ ಇದೇ ಆಶಯದ ತಿದ್ದುಪಡಿ ತಂದಾಗ ಸಿಕ್ಕಿದ್ದು 57. ಬಹುಮತ ಇತ್ತು, ಆದರೆ ಬಿದ್ದುಹೋಯಿತು. ಆದ್ದರಿಂದ “ಸಭೆಯಲ್ಲಿ ಪಾಸಾಯಿತು” ಅಥವಾ “ಸಮಿತಿ ಒಪ್ಪಿತು” ಎಂಬ ಸುದ್ದಿ ಕೇಳಿ ಸೇತುವೆ ದಾಟುವವರು ದೊಡ್ಡ ಅಪಾಯಕ್ಕೆ ಕೈಹಾಕುತ್ತಾರೆ. ಅಧ್ಯಕ್ಷರ ಅಂಕಿತ ಬಿದ್ದ ಮೇಲೂ ಜಾರಿಯ ದಿನಾಂಕ ಬೇರೆಯೇ ಇರಬಹುದು: ಪರವಾನಗಿಯ ಕಡ್ಡಾಯವನ್ನು ತೆಗೆದ ಟೆಕ್ಸಾಸ್ ರಾಜ್ಯದ 2021ರ ಕಾಯ್ದೆಗೆ ಗವರ್ನರ್ ಅಂಕಿತ ಬಿದ್ದದ್ದು ಜೂನ್‌ನಲ್ಲಿ, ಅದು ಜಾರಿಗೆ ಬಂದದ್ದು ಸೆಪ್ಟೆಂಬರ್ 1ರಂದು.

ಎರಡನೆಯ ಹೆಜ್ಜೆ: “ಯಾರು” ಎಂಬ ವಾಕ್ಯವನ್ನು ಬಿಡಿಸಿ

ಮಸೂದೆಯ ಜೀವ ಒಂದೇ ಒಂದು ಉದ್ದನೆಯ ವಾಕ್ಯದಲ್ಲಿದೆ. ಕರ್ನಾಟಕದ ರಾಜ್ಯಪತ್ರದಲ್ಲಿ ಕಾಯ್ದೆಗಳನ್ನು ಓದಿ ರೂಢಿಯಿರುವವರಿಗೆ ಅದರ ಧಾಟಿ ಹೊಸದೆನಿಸದು. “ಯಾವುದೇ ಕಾನೂನಿನಲ್ಲಿ ಏನೇ ಒಳಗೊಂಡಿದ್ದರೂ” ಎಂದು ನಮ್ಮ ಕಾಯ್ದೆಗಳು ಶುರುವಾಗುವ ಹಾಗೆಯೇ ಅದೂ ಶುರುವಾಗುತ್ತದೆ. ಅದನ್ನು ಮುದ್ರಿಸಿಕೊಂಡು, “ಮತ್ತು” ಬಂದಲ್ಲಿ ಒಂದು ಬಣ್ಣದ, “ಅಥವಾ” ಬಂದಲ್ಲಿ ಇನ್ನೊಂದು ಬಣ್ಣದ ಗೆರೆ ಎಳೆಯಿರಿ. “ಮತ್ತು” ಇರುವಲ್ಲಿ ಎಲ್ಲ ಷರತ್ತುಗಳೂ ಪೂರೈಸಬೇಕು. “ಅಥವಾ” ಇರುವಲ್ಲಿ ಒಂದು ಸಾಕು.

2017ರ ಪಠ್ಯದಲ್ಲಿ ಹೀಗೆ ಗೆರೆ ಎಳೆದರೆ ಸಿಗುವುದಿಷ್ಟು: ಕೇಂದ್ರ ಕಾನೂನಿನ ಪ್ರಕಾರ ಬಂದೂಕು ಹೊಂದಲು ನಿಷೇಧ ಇಲ್ಲದವರಾಗಿರಬೇಕು; ಮತ್ತು ಭಾವಚಿತ್ರವಿರುವ ಗುರುತಿನ ಚೀಟಿ ಜೊತೆಗಿರಬೇಕು; ಮತ್ತು ಒಂದು ರಾಜ್ಯದ ಪರವಾನಗಿ ಜೇಬಿನಲ್ಲಿರಬೇಕು, ಅಥವಾ ತಾವು ವಾಸಿಸುವ ರಾಜ್ಯದಲ್ಲಿ ಪರವಾನಗಿಯಿಲ್ಲದೆಯೇ ಮರೆಯಲ್ಲಿ ಒಯ್ಯಲು ಅರ್ಹರಾಗಿರಬೇಕು. ವಾದವೆಲ್ಲ ಎದ್ದಿರುವುದು ಆ ಒಂದು “ಅಥವಾ” ಮೇಲೆ. 2024ರ ವೇಳೆಗೆ 29 ರಾಜ್ಯಗಳಲ್ಲಿ ಪರವಾನಗಿಯ ಅಗತ್ಯವೇ ಉಳಿದಿರಲಿಲ್ಲ. ವರ್ಮಾಂಟ್‌ನಲ್ಲಂತೂ ಅದು ಎಂದೂ ಇರಲಿಲ್ಲ. ಇತ್ತ ಕ್ಯಾಲಿಫೋರ್ನಿಯಾ ಮತ್ತು ಇಲಿನಾಯ್ 16 ಗಂಟೆ, ನ್ಯೂಯಾರ್ಕ್ 18 ಗಂಟೆ ತರಬೇತಿಯನ್ನು ಕೇಳುತ್ತವೆ. ಮಸೂದೆ ಕಾಯ್ದೆಯಾದರೆ ಒಂದು ಗಂಟೆಯ ತರಬೇತಿಯೂ ಇಲ್ಲದ ಹೊರಗಿನವರು ನ್ಯೂಯಾರ್ಕ್‌ನ ಬೀದಿಯಲ್ಲಿ ಪಿಸ್ತೂಲು ಒಯ್ಯಬಹುದು, ಅಲ್ಲಿನ ನಿವಾಸಿಯಾದರೋ 18 ಗಂಟೆ ಕೂತು ಕಲಿಯಬೇಕು. “ಡ್ರೈವಿಂಗ್ ಲೈಸೆನ್ಸ್ ಎಲ್ಲ ಕಡೆ ನಡೆಯುವುದಿಲ್ಲವೇ?” ಎಂದು ಬೆಂಬಲಿಗರು ಕೇಳುತ್ತಾರೆ. ನನ್ನ ಮಟ್ಟಿಗೆ ಆ ಹೋಲಿಕೆ ಅರ್ಧ ದಾರಿಯವರೆಗೆ ಮಾತ್ರ ಬರುತ್ತದೆ: ಲೈಸೆನ್ಸ್ ಇಲ್ಲದೆಯೇ ಕಾರು ಓಡಿಸಲು ಬಿಡುವ ರಾಜ್ಯ ಒಂದೂ ಇಲ್ಲ. ಆದರೂ, ಅರ್ಜಿ, ಬೆರಳಚ್ಚು, ಹಿನ್ನೆಲೆ ಪರಿಶೀಲನೆ ಎಲ್ಲವನ್ನೂ ಮುಗಿಸಿ ಪರವಾನಗಿ ಪಡೆದವರು ಸೇತುವೆಯ ಆಚೆ ಅಪರಾಧಿಯಾಗುವುದು ನ್ಯಾಯವಲ್ಲ ಎಂಬ ಅವರ ನೋವು ನಿಜವಾದದ್ದು.

ನಮ್ಮವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಬೇಕಾದದ್ದು ಮೊದಲ ಷರತ್ತನ್ನು. ಗ್ರೀನ್ ಕಾರ್ಡ್ ಇರುವವರು ಬಂದೂಕು ಹೊಂದಲು ಕೇಂದ್ರ ಕಾನೂನಿನ ಅಡ್ಡಿಯಿಲ್ಲ. ಆದರೆ ಎಚ್-1ಬಿ, ವಿದ್ಯಾರ್ಥಿ ವೀಸಾದಂಥ ತಾತ್ಕಾಲಿಕ ವೀಸಾಗಳ ಮೇಲೆ ಅಲ್ಲಿ ಸೇರಿಕೊಂಡವರು ಬಂದೂಕನ್ನಾಗಲಿ ಗುಂಡುಗಳನ್ನಾಗಲಿ ಹೊಂದುವುದನ್ನು ಕೇಂದ್ರ ಅಪರಾಧ ಸಂಹಿತೆಯ ಪ್ರಕರಣ 922 ನಿಷೇಧಿಸುತ್ತದೆ. ಬೇಟೆಯ ಪರವಾನಗಿ ಇರುವವರಂಥ ಕೆಲವರಿಗೆ ಮಾತ್ರ ವಿನಾಯಿತಿಯಿದೆ. ಪರಸ್ಪರ ಮಾನ್ಯತೆಯ ಮಸೂದೆ ಈ ನಿಷೇಧವನ್ನು ಮುಟ್ಟುವುದಿಲ್ಲ. “ಇನ್ನು ಎಲ್ಲರಿಗೂ ಎಲ್ಲೆಡೆ” ಎಂಬ ಸುದ್ದಿಯನ್ನು ನಂಬುವ ತಾತ್ಕಾಲಿಕ ವೀಸಾದವರು ವೀಸಾದ ಜೊತೆಗೆ ಬಹಳಷ್ಟನ್ನು ಕಳೆದುಕೊಳ್ಳಬಹುದು.

ಮೂರನೆಯ ಹೆಜ್ಜೆ: ಯಾವ ಕಾನೂನು ಪಕ್ಕಕ್ಕೆ ಸರಿಯುತ್ತದೆ, ಯಾವುದು ಉಳಿಯುತ್ತದೆ?

“ಏನೇ ಒಳಗೊಂಡಿದ್ದರೂ” ಎಂಬ ಮಾತು ರಾಜ್ಯಗಳ ಕಾನೂನನ್ನು ಪಕ್ಕಕ್ಕೆ ಸರಿಸುತ್ತದೆ. ಅದರ ಬೆನ್ನಿಗೇ ಬರುವ ಉಪಪ್ರಕರಣವನ್ನು ಓದದೆ ಎದ್ದುಹೋಗುವವರು ಹೆಚ್ಚು. 2017ರ ಪಠ್ಯದಂತೆ, ಖಾಸಗಿ ಆಸ್ತಿಯ ಮಾಲೀಕರು ತಮ್ಮ ಜಾಗದಲ್ಲಿ ಬಂದೂಕು ಬೇಡವೆನ್ನಲು ಅವಕಾಶ ಕೊಡುವ ರಾಜ್ಯ ಕಾನೂನುಗಳೂ, ಸರ್ಕಾರಿ ಕಟ್ಟಡ ಮತ್ತು ಉದ್ಯಾನಗಳಲ್ಲಿ ನಿರ್ಬಂಧಿಸುವ ಕಾನೂನುಗಳೂ ಹಾಗೆಯೇ ಉಳಿಯುತ್ತವೆ. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿರುವ, ದಾವಣಗೆರೆ ಕಡೆಯ ಹಿರಿಯರೊಬ್ಬರು ನನ್ನನ್ನು ಕೇಳಿದ್ದರು: “ಇದು ಕಾಯ್ದೆಯಾದರೆ ನ್ಯೂಜೆರ್ಸಿಯ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರ ದೇವಸ್ಥಾನಕ್ಕೆ ಹೋಗುವಾಗ ತೆಗೆದಿಡುವ ತಾಪತ್ರಯ ಇರೋದಿಲ್ಲ ಅಲ್ವೇನಪ್ಪಾ?” ನದಿ ದಾಟುವ ತಾಪತ್ರಯ ತಪ್ಪೀತು, ಆದರೆ ದೇವಸ್ಥಾನದ ಬಾಗಿಲಲ್ಲಿ ಆಡಳಿತ ಮಂಡಳಿಯ ಮಾತೇ ಮಾತು ಎಂದು ಅವರಿಗೆ ಹೇಳಿದೆ. ಅವರು ಪುಟ ತಿರುಗಿಸಿ, ಆ ಉಪಪ್ರಕರಣದ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

ಕೊನೆಯ ಪುಟದ ವ್ಯಾಖ್ಯೆಗಳನ್ನೂ ಬಿಡಬಾರದು. “ಕೈಬಂದೂಕು” ಎಂದರೆ ಅದರ ಮ್ಯಾಗಜೀನ್ (ಗುಂಡು ತುಂಬುವ ಡಬ್ಬಿ) ಮತ್ತು ಅದರೊಳಗೆ ತುಂಬಿದ ಗುಂಡುಗಳೂ ಸೇರಿವೆ ಎಂದು 2017ರ ಪಠ್ಯ ಹೇಳಿತ್ತು. ನೋಡಲು ಸಣ್ಣ ಮಾತು. ಆದರೆ ಹತ್ತಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನನ್ನು ನಿಷೇಧಿಸಿರುವ ನ್ಯೂಜೆರ್ಸಿಯಂಥ ರಾಜ್ಯದ ಗಡಿಯಲ್ಲಿ ಅದೊಂದು ಮಾತಿನ ಮೇಲೆ ಬಂಧನವೋ ಬಿಡುಗಡೆಯೋ ನಿರ್ಧಾರವಾಗುತ್ತದೆ. ನೀವು ಓದುತ್ತಿರುವ ಪಠ್ಯದಲ್ಲಿ ಆ ವ್ಯಾಖ್ಯೆ ಇದೆಯೇ ಎಂದು ನೋಡಿ.

ನಾಲ್ಕನೆಯ ಹೆಜ್ಜೆ: ರಾಜ್ಯದ ಮಸೂದೆಯಾದರೆ ಕ್ರಿಯಾಪದ ನೋಡಿ

ಪರವಾನಗಿಯನ್ನು ಅಧಿಕಾರಿ “ಕೊಡತಕ್ಕದ್ದು” ಎಂದಿದೆಯೋ “ಕೊಡಬಹುದು” ಎಂದಿದೆಯೋ? ನ್ಯೂಯಾರ್ಕ್‌ನಲ್ಲಿ 1911ರಿಂದ ಬೇರೂರಿದ್ದ ಸಲಿವನ್ ಕಾಯ್ದೆಯ ವ್ಯವಸ್ಥೆಯಲ್ಲಿ ಅರ್ಜಿದಾರರು ವಿಶೇಷ ಕಾರಣ ತೋರಿಸಬೇಕಿತ್ತು, ಅದು ಸಾಕೋ ಸಾಲದೋ ಎಂಬುದು ಅಧಿಕಾರಿಯ ಮರ್ಜಿಗೆ ಸೇರಿತ್ತು. 2022ರ ಜೂನ್ 23ರಂದು ಬ್ರೂಯೆನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 6–3ರಿಂದ ಆ ವಿಶೇಷ ಕಾರಣದ ಷರತ್ತನ್ನು ರದ್ದುಪಡಿಸಿತು. ಆ ಮೇಲೆ ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾದಂಥ ರಾಜ್ಯಗಳು “ಯಾರಿಗೆ” ಎಂಬುದಕ್ಕಿಂತ “ಎಲ್ಲಿ” ಎಂಬುದರ ಕಡೆ ಹೊರಳಿದವು. ಈಗ ಅವುಗಳ ಕಾಯ್ದೆಯಲ್ಲಿ ಅತಿ ಉದ್ದದ ಭಾಗವೆಂದರೆ ಬಂದೂಕು ನಿಷಿದ್ಧವಾದ ಸೂಕ್ಷ್ಮ ಸ್ಥಳಗಳ ಪಟ್ಟಿ. ಅದನ್ನು ಓದಬೇಕು, ಮುಂದಿನ ತಿದ್ದುಪಡಿಯನ್ನೂ ಗಮನಿಸಬೇಕು: ಪ್ರಾರ್ಥನಾ ಮಂದಿರಗಳನ್ನು ಸೇರಿಸಿದ್ದ ನ್ಯೂಯಾರ್ಕ್, 2023ರಲ್ಲಿ ಅಲ್ಲಿನ ಭದ್ರತೆಯ ಹೊಣೆ ಹೊತ್ತವರಿಗೆ ವಿನಾಯಿತಿ ಕೊಟ್ಟಿತು.

ಪರವಾನಗಿಯೇ ಬೇಡವೆನ್ನುವ ಮಸೂದೆ ನಿಮ್ಮ ರಾಜ್ಯದಲ್ಲಿ ಬಂದರೂ, ಕೈಲಿರುವ ಪರವಾನಗಿಯನ್ನು ನವೀಕರಿಸದೆ ಬಿಡಬೇಡಿ ಎಂಬುದು ನನ್ನ ಒತ್ತಾಯದ ಸಲಹೆ. ಶಾಲೆಯ ಆವರಣದಿಂದ 1,000 ಅಡಿಯೊಳಗೆ ಬಂದೂಕು ಒಯ್ಯುವುದನ್ನು ಕೇಂದ್ರ ಕಾನೂನು ನಿಷೇಧಿಸುತ್ತದೆ, ಮತ್ತು ಅದರ ಮುಖ್ಯ ವಿನಾಯಿತಿಯೊಂದು ಸಿಗುವುದು ಆ ಶಾಲೆಯಿರುವ ರಾಜ್ಯವೇ ಕೊಟ್ಟ ಪರವಾನಗಿ ಇದ್ದವರಿಗೆ. ಊರೊಳಗೆ ಕಾರು ಓಡಿಸುವವರು ದಿನಕ್ಕೆ ಎಷ್ಟು ಶಾಲೆಗಳ ಮುಂದೆ ಹಾದುಹೋಗುತ್ತಾರೆ ಎಂದು ಎಣಿಸಿ ನೋಡಿ. ಟೆಕ್ಸಾಸ್, ಫ್ಲಾರಿಡಾಗಳು ಪರವಾನಗಿಯ ಕಡ್ಡಾಯವನ್ನು ತೆಗೆದ ಮೇಲೂ ಬಯಸಿದವರಿಗೆ ಅದನ್ನು ಕೊಡುತ್ತಲೇ ಇರುವುದು ಸುಮ್ಮನೆ ಅಲ್ಲ.

ಕೊನೆಯ ಹೆಜ್ಜೆ: ಅಲ್ಲಿಯವರೆಗೆ ದಾರಿಯಲ್ಲಿ ಏನು ಮಾಡಬೇಕು?

ಇಂದು ಇರುವ ಆಸರೆ 1986ರ ಕಾಯ್ದೆಯಿಂದ ಬಂದ ಪ್ರಕರಣ 926ಎ. ಹೊರಡುವ ಜಾಗದಲ್ಲೂ ತಲುಪುವ ಜಾಗದಲ್ಲೂ ಬಂದೂಕು ಹೊಂದಿ ಒಯ್ಯಲು ನಿಮಗೆ ಕಾನೂನಿನ ಹಕ್ಕಿದ್ದರೆ, ನಡುವಿನ ರಾಜ್ಯವನ್ನು ಹಾದುಹೋಗಬಹುದು. ಬಂದೂಕಿನಲ್ಲಿ ಗುಂಡು ಇರಬಾರದು. ಬಂದೂಕೂ ಗುಂಡೂ ಕೂತಲ್ಲಿಂದ ಕೈಗೆ ಸಿಗುವಂತಿರಬಾರದು. ಡಿಕ್ಕಿ ಬೇರೆಯಾಗಿ ಇಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿರಬೇಕು, ಗ್ಲೋವ್ ಬಾಕ್ಸ್ ಆ ಲೆಕ್ಕಕ್ಕೆ ಬರುವುದಿಲ್ಲ. ಫಿಲಡೆಲ್ಫಿಯಾದಿಂದ ವರ್ಮಾಂಟ್‌ಗೆ ಹೋಗುವವರಿಗೆ ಇದು ನೆರವಾಗುತ್ತದೆ. ನ್ಯೂಜೆರ್ಸಿಗೇ ಹೋಗುವವರು ಇದನ್ನು ನೆಚ್ಚಿಕೊಳ್ಳುವಂತಿಲ್ಲ. ದಾರಿಯಲ್ಲಿ ತಂಗುವುದೂ ಅಪಾಯವೇ: 2005ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ ಯೂಟಾ ರಾಜ್ಯದ ಪ್ರಯಾಣಿಕರೊಬ್ಬರು ವಿಮಾನ ತಪ್ಪಿ, ಪಿಸ್ತೂಲಿದ್ದ ಪೆಟ್ಟಿಗೆಯೊಂದಿಗೆ ನ್ಯೂವಾರ್ಕ್‌ನ ಹೋಟೆಲಿನಲ್ಲಿ ಒಂದು ರಾತ್ರಿ ಕಳೆದರು. ಮರುದಿನ ವಿಮಾನ ನಿಲ್ದಾಣದಲ್ಲಿ ಅವರನ್ನು ಬಂಧಿಸಲಾಯಿತು. ಆಮೇಲೆ ಆರೋಪ ಕೈಬಿಟ್ಟರೂ, ಹೋಟೆಲಿನಲ್ಲಿ ಬಂದೂಕು ಕೈಗೆ ಸಿಗುವಂತಿತ್ತು, ಆದ್ದರಿಂದ ಈ ರಕ್ಷಣೆ ಅನ್ವಯಿಸದು ಎಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು.

ದಾವಣಗೆರೆಯ ಆ ಹಿರಿಯರು ಬ್ರಿಡ್ಜ್‌ವಾಟರ್‌ಗೆ ಹೋಗುವ ದಿನ ಈಗಲೂ ಪಿಸ್ತೂಲನ್ನು ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು, ಬೀಗವನ್ನು ಒಮ್ಮೆ ಜಗ್ಗಿ ನೋಡಿ, ಆಮೇಲೆ ಕಾರು ಹತ್ತುತ್ತಾರೆ.