ಮೂವರು ಎಸ್. ಚಂದ್ರಶೇಖರ್, ಒಂದೇ ಕವರ್

ನಮ್ಮೂರಿನ ಓದುಮನೆಯೊಂದರಲ್ಲಿ ಹಳೇ ಪೇಪರ್ ಕಟಿಂಗ್‌ಗಳ ಕಪಾಟು ಇದೆ. ಒಬ್ಬೊಬ್ಬ ವ್ಯಕ್ತಿಗೆ ಒಂದೊಂದು ಕವರ್, ಮೇಲೆ ಹೆಸರು. ಕತ್ತರಿಸಿ ಇಟ್ಟವರು ಶ್ರದ್ಧೆಯಿಂದಲೇ ಇಟ್ಟಿದ್ದಾರೆ. ಆದರೆ ಅವರು ಹೆಸರು ನೋಡಿದರು, ಆಳನ್ನು ನೋಡಲಿಲ್ಲ. ‘ಚಂದ್ರಶೇಖರ್’ ಅಂತ ಬರೆದ ಕವರ್ ಬಾಯಿ ಹರಿದುಕೊಂಡಿತ್ತು. ಒಳಗೆ ಪ್ರಧಾನಿ, ಸ್ಪಿನ್ ಬೌಲರ್, ನೊಬೆಲ್ ವಿಜ್ಞಾನಿ, ನಾಟಕಕಾರ, ಸಿನಿಮಾ ನಟ ಎಲ್ಲರೂ ಒಂದರ ಮೇಲೊಂದು ಬಿದ್ದಿದ್ದರು.

ಅದನ್ನು ಬಿಡಿಸುವ ಕೆಲಸ ನಾನು ತೆಗೆದುಕೊಂಡೆ. ಇಂಥ ಕೆಲಸ ಮಾಡುವವರು ಬೇರೆ ಊರುಗಳಲ್ಲೂ ಇರುತ್ತಾರೆ. ಮನೆಯಲ್ಲೇ ಕಟಿಂಗ್ ಇಟ್ಟುಕೊಂಡವರೂ ಇದ್ದಾರೆ. ಹಾಗಾಗಿ ಹೇಗೆ ಮಾಡಿದೆ ಅಂತ ಬರೆಯುತ್ತಿದ್ದೇನೆ.

ಮೊದಲು ಸುಲಭದವರನ್ನು ಬೇರೆ ಮಾಡಿದೆ. ತೆಲಂಗಾಣದ ಮುಖ್ಯಮಂತ್ರಿ ಆಗಿದ್ದ ಕೆ. ಚಂದ್ರಶೇಖರ ರಾವ್ ಅವರನ್ನು ಜನ ಕೆಸಿಆರ್ ಅಂತಲೇ ಕರೆಯುತ್ತಾರೆ, ತಲೆಬಿಸಿ ಇಲ್ಲ. ಚಂದ್ರಶೇಖರ್ ಆಜಾದ್ ಕೂಡ ಮೊದಲು ಹಾಗೇ ಇದ್ದರು. ಈಗ ಹಾಗಿಲ್ಲ, ಆ ಹೆಸರಿನವರು ಇಬ್ಬರು. 1931ರ ಫೆಬ್ರವರಿ 27ರಂದು ಅಲಹಾಬಾದಿನ ಆಲ್‌ಫ್ರೆಡ್ ಪಾರ್ಕಿನಲ್ಲಿ ಪ್ರಾಣ ಬಿಟ್ಟ ಕ್ರಾಂತಿಕಾರಿ ಒಬ್ಬರು. ಭೀಮ್ ಆರ್ಮಿ ಕಟ್ಟಿ, 2024ರಲ್ಲಿ ನಗೀನಾ ಕ್ಷೇತ್ರದಿಂದ ಲೋಕಸಭೆಗೆ ಗೆದ್ದವರು ಇನ್ನೊಬ್ಬರು. ಪೂರ್ತಿ ಹೆಸರು ಬರೆದರೂ ಇಬ್ಬರೂ ಒಂದೇ. ಇವರಿಗೆ ಹುಟ್ಟಿದ ವರ್ಷ ಬರೆದರೆ ಸಾಕು: 1906 ಮತ್ತು 1986.

ಮದರಾಸಿನ ಇಬ್ಬರು ಆಟಗಾರರು ಸ್ವಲ್ಪ ಹೊತ್ತು ತೆಗೆದುಕೊಂಡರು. ವಿ. ಚಂದ್ರಶೇಖರ್ ಟೇಬಲ್ ಟೆನಿಸ್. ವಿ.ಬಿ. ಚಂದ್ರಶೇಖರ್ ಕ್ರಿಕೆಟ್, 1988-89ರ ಇರಾನಿ ಟ್ರೋಫಿಯಲ್ಲಿ 56 ಎಸೆತಕ್ಕೆ ಶತಕ ಹೊಡೆದವರು. ಒಂದು ‘ಬಿ’ ಬಿಟ್ಟುಹೋದರೆ ಸಾಕು, ಬ್ಯಾಟ್ ಬದಲಾಗುತ್ತದೆ.

ಅಸಲಿ ಕಷ್ಟ ಶುರುವಾಗಿದ್ದು ಡಾ. ಎಸ್. ಚಂದ್ರಶೇಖರ್ ಅವರಿಂದ. ಅವರಿಂದ ಅನ್ನೋದು ತಪ್ಪಾಗುತ್ತದೆ, ಯಾಕೆಂದರೆ ಅವರು ಮೂವರು.

ಮೊದಲನೆಯವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1910ರಲ್ಲಿ ಲಾಹೋರಿನಲ್ಲಿ ಹುಟ್ಟಿ, ಮದರಾಸಿನಲ್ಲಿ ಓದಿ, ಕೇಂಬ್ರಿಡ್ಜ್‌ಗೆ ಹೋಗಿ, ಕೊನೆಗೆ ಶಿಕಾಗೋದಲ್ಲಿ ನೆಲೆಸಿದವರು. ಸೂರ್ಯನ ಸುಮಾರು 1.4 ಪಟ್ಟಿಗಿಂತ ಜಾಸ್ತಿ ತೂಕದ ಶ್ವೇತ ಕುಬ್ಜ ನಕ್ಷತ್ರ (ಇಂಧನ ಮುಗಿದು ಕುಗ್ಗಿದ ನಕ್ಷತ್ರ) ತನ್ನ ಭಾರವನ್ನು ತಾನೇ ತಡೆದುಕೊಳ್ಳಲಾರದು ಅಂತ ಲೆಕ್ಕ ಹಾಕಿ ತೋರಿಸಿದವರು. ಚಂದ್ರಶೇಖರ್ ಮಿತಿ ಅಂತ ಕಾಲೇಜಿನಲ್ಲಿ ಓದುವುದು ಇದನ್ನೇ. 1930ರಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನಲ್ಲಿ ಕೂತು ಈ ಲೆಕ್ಕ ಶುರು ಮಾಡಿದ್ದರು, ಆಗ ವಯಸ್ಸು 19.

ಎರಡನೆಯವರು ಶಿವರಾಮಕೃಷ್ಣ ಚಂದ್ರಶೇಖರ್, 1930ರಲ್ಲಿ ಹುಟ್ಟಿದವರು. ನಮಗೆ ಹತ್ತಿರದವರು ಇವರೇ, ಆದರೆ ನಮ್ಮ ಜನಕ್ಕೆ ಕಡಿಮೆ ಗೊತ್ತಿರುವವರೂ ಇವರೇ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರ ವಿಭಾಗ ನೋಡಿಕೊಂಡಿದ್ದರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ದ್ರವ ಸ್ಫಟಿಕಗಳ (ದ್ರವದ ಹಾಗೆ ಹರಿದರೂ ಸ್ಫಟಿಕದ ಹಾಗೆ ಅಣುಗಳು ಕ್ರಮವಾಗಿ ನಿಲ್ಲುವ ವಸ್ತುಗಳ) ಪ್ರಯೋಗಾಲಯ ಕಟ್ಟಿದರು. ಅಲ್ಲಿಯವರೆಗೆ ದ್ರವ ಸ್ಫಟಿಕ ಅಂದರೆ ಕಡ್ಡಿಯ ಹಾಗೆ ಉದ್ದಕ್ಕಿರುವ ಅಣುಗಳದು ಅನ್ನುವ ನಂಬಿಕೆ ಇತ್ತು. 1977ರಲ್ಲಿ ಇವರು ಸದಾಶಿವ ಮತ್ತು ಸುರೇಶ್ ಅವರ ಜೊತೆ ಸೇರಿ, ಬಿಲ್ಲೆಯಾಕಾರದ ಅಣುಗಳೂ ನಾಣ್ಯ ಪೇರಿಸಿದ ಹಾಗೆ ಒಂದರ ಮೇಲೊಂದು ನಿಂತು ದ್ರವ ಸ್ಫಟಿಕ ಆಗಬಲ್ಲವು ಅಂತ ತೋರಿಸಿದರು. ಆ ಲೇಖನ ಅಚ್ಚಾಗಿದ್ದು ಬೆಂಗಳೂರಿನ ‘ಪ್ರಮಾಣ’ ಪತ್ರಿಕೆಯಲ್ಲಿ. ಇದು ನನಗೆ ಇವತ್ತಿಗೂ ಖುಷಿ ಕೊಡುವ ಸಂಗತಿ.

ಮೂರನೆಯವರು ಶ್ರೀಪತಿ ಚಂದ್ರಶೇಖರ್, 1918ರಿಂದ 2001. ಜನಸಂಖ್ಯಾ ತಜ್ಞರು. 1967ರಲ್ಲಿ ಇಂದಿರಾ ಗಾಂಧಿ ಸರ್ಕಾರದಲ್ಲಿ ಆರೋಗ್ಯ ಮತ್ತು ಕುಟುಂಬ ಯೋಜನೆ ಖಾತೆ ನೋಡಿಕೊಂಡವರು.

ಮೂವರೂ ಡಾಕ್ಟರೇಟ್ ಪಡೆದವರು. ಮೂವರ ಇನಿಷಿಯಲ್ಲೂ ‘ಎಸ್’. ಇದು ಸುಮ್ನೆ ಆದದ್ದಲ್ಲ. ತಮಿಳು ಕಡೆಯವರ ಇಂಥ ಹೆಸರುಗಳಲ್ಲಿ ಇನಿಷಿಯಲ್ ಅಂದರೆ ಹೆಚ್ಚಾಗಿ ತಂದೆಯ ಹೆಸರು, ತೆಲುಗು ಕಡೆ ಹೆಚ್ಚಾಗಿ ಮನೆತನದ ಹೆಸರು. ಸುಬ್ರಹ್ಮಣ್ಯ, ಶಿವರಾಮಕೃಷ್ಣ, ಶ್ರೀಪತಿ: ನಮ್ಮ ಕನ್ನಡದಲ್ಲಿ ‘ಸು’, ‘ಶಿ’, ‘ಶ್ರೀ’ ಬೇರೆ ಬೇರೆ ಅಕ್ಷರ. ಇಂಗ್ಲಿಷಿನಲ್ಲಿ ಎಲ್ಲವೂ ಒಂದೇ ‘ಎಸ್’ ಆಗಿ, ಆ ‘ಎಸ್’ ಮತ್ತೆ ಕನ್ನಡ ಪೇಪರಿಗೆ ಬಂತು. ಇನಿಷಿಯಲ್ ಬಿಡಿಸಿ ಬರೆದಿದ್ದರೆ ನನ್ನ ಅರ್ಧ ಕೆಲಸ ಇರುತ್ತಲೇ ಇರಲಿಲ್ಲ.

ಇನ್ನೊಂದು ಗಂಟು ಇದೆ. ಮೊದಲ ಇಬ್ಬರೂ ಸರ್ ಸಿ.ವಿ. ರಾಮನ್ ಅವರ ಹತ್ತಿರದ ನೆಂಟರು. ಒಬ್ಬರು ಅಣ್ಣನ ಮಗ, ಇನ್ನೊಬ್ಬರು ಸೋದರಳಿಯ. ರಾಮನ್ ಅವರ ತಂದೆಯ ಹೆಸರು ಚಂದ್ರಶೇಖರ ಅಯ್ಯರ್. ಮೊಮ್ಮಕ್ಕಳಿಗೆ ಅಜ್ಜನ ಹೆಸರು ಇಡುವುದು ವಾಡಿಕೆ ಅಲ್ವಾ, ಮಗನ ಮಗನಿಗೂ ಬಂತು, ಮಗಳ ಮಗನಿಗೂ ಬಂತು. ಸಿ.ವಿ. ರಾಮನ್ ಅವರ ‘ಸಿ’ ಕೂಡ ಆ ಅಜ್ಜನೇ. ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು. ಇಬ್ಬರಿಗೂ ಅಲ್ಲಿಯ ರಾಯಲ್ ಮೆಡಲ್ ಬಂದಿದೆ, ಒಬ್ಬರಿಗೆ 1962ರಲ್ಲಿ, ಇನ್ನೊಬ್ಬರಿಗೆ 1994ರಲ್ಲಿ. ‘ಭೌತವಿಜ್ಞಾನಿ ಡಾ. ಎಸ್. ಚಂದ್ರಶೇಖರ್, ಸರ್ ಸಿ.ವಿ. ರಾಮನ್ ಅವರ ಬಂಧು, ರಾಯಲ್ ಮೆಡಲ್ ಪಡೆದವರು’ ಅಂತ ಬರೆದರೆ ಒಂದಕ್ಷರವೂ ಸುಳ್ಳಲ್ಲ. ಆದರೆ ಯಾರು ಅಂತ ಗೊತ್ತಾಗುವುದಿಲ್ಲ.

ಇನಿಷಿಯಲ್ ಕೈಕೊಟ್ಟ ಮೇಲೆ ಊರು ಹಿಡಿದು ನೋಡೋಣ ಅಂದುಕೊಂಡೆ. ‘ಮೈಸೂರಿನ ಚಂದ್ರಶೇಖರ್’ ಅಂದರೆ ಯಾರು? 1960ರ ದಶಕದಲ್ಲಿ ಅಲ್ಲಿ ಪ್ರೊಫೆಸರ್ ಚಂದ್ರಶೇಖರ್ ಪಾಠ ಮಾಡುತ್ತಿದ್ದರು. ಅದೇ ದಶಕದಲ್ಲಿ, ಮೈಸೂರಿನಲ್ಲೇ ಹುಟ್ಟಿದ ಬಿ.ಎಸ್. ಚಂದ್ರಶೇಖರ್ ಟೆಸ್ಟ್ ಆಡಲು ಶುರು ಮಾಡಿದ್ದರು. ಅವರು ಆಡುತ್ತಿದ್ದ ರಣಜಿ ತಂಡದ ಹೆಸರೂ ಆಗ ಮೈಸೂರು. ಪುಣ್ಯಕ್ಕೆ ಇವರ ಕಟಿಂಗ್‌ಗಳಲ್ಲಿ ವಿಕೆಟ್ ಲೆಕ್ಕ ಇರುತ್ತದೆ. ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಸಣ್ಣಗಾದ ಅದೇ ಬಲಗೈಯಿಂದ 58 ಟೆಸ್ಟ್‌ಗಳಲ್ಲಿ 242 ವಿಕೆಟ್. ಹೊಡೆದ ರನ್ 167, ಅಂದರೆ ವಿಕೆಟ್‌ಗಿಂತ ಕಡಿಮೆ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉರುಳಿಸಿದ ಕಟಿಂಗ್ ಹಳದಿಯಾಗಿ ಮುಟ್ಟಿದರೆ ಪುಡಿಯಾಗುವ ಹಾಗಿತ್ತು. ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದ್ದೇನೆ.

ಬಿ.ಎಸ್. ಅಂದರೆ ಭಾಗವತ್ ಸುಬ್ರಹ್ಮಣ್ಯ. ಇಲ್ಲೂ ಸುಬ್ರಹ್ಮಣ್ಯ, ನೊಬೆಲ್ ವಿಜ್ಞಾನಿಯ ಹೆಸರಲ್ಲೂ ಸುಬ್ರಹ್ಮಣ್ಯ. ಪುರಾಣದಲ್ಲಿ ಚಂದ್ರಶೇಖರನ ಮಗ ಸುಬ್ರಹ್ಮಣ್ಯ. ನನ್ನ ಕವರ್‌ಗಳಲ್ಲಿ ಮಾತ್ರ ಉಲ್ಟಾ.

ಊರೂ ಆಗಲಿಲ್ಲ, ಸರಿ, ವರ್ಷ ನೋಡೋಣ. ಬೇರೆ ವರ್ಷಗಳಿಗೆ ಈ ಉಪಾಯ ನಡೆಯಿತು, 1983ಕ್ಕೆ ನಡೆಯಲಿಲ್ಲ. ಆ ವರ್ಷದ ಮೊದಲ ಅರ್ಧದಲ್ಲಿ ಜನತಾ ಪಕ್ಷದ ಅಧ್ಯಕ್ಷ ಚಂದ್ರಶೇಖರ್ ಕನ್ಯಾಕುಮಾರಿಯಿಂದ ದೆಹಲಿಯ ರಾಜಘಾಟ್‌ವರೆಗೆ ಪಾದಯಾತ್ರೆ ಮಾಡಿದರು. ಮುಂದೆ 1990ರ ನವೆಂಬರ್‌ನಿಂದ 1991ರ ಜೂನ್‌ವರೆಗೆ ಪ್ರಧಾನಿ ಆಗಿದ್ದವರು ಇವರೇ. ಅದೇ 1983ರಲ್ಲಿ ಬೆಂಗಳೂರಿನ ಚಂದ್ರಶೇಖರ್ ರಾಯಲ್ ಸೊಸೈಟಿಗೆ ಆಯ್ಕೆಯಾದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶಿಕಾಗೋದ ಚಂದ್ರಶೇಖರ್ ಅವರಿಗೆ ನೊಬೆಲ್ ಬಂತು. ‘ಚಂದ್ರಶೇಖರ್ ಅವರಿಗೆ ಅಭಿನಂದನೆ’ ಅನ್ನುವ ತುಣುಕು ಕೈಗೆ ಸಿಕ್ಕರೆ, 1983 ಅಂತ ಮೂಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದರೆ, ಏನು ಮಾಡುತ್ತೀರಿ?

ನಾನು ಮಾಡಿದ್ದು ಇಷ್ಟು. ಹೆಸರು, ಬಿರುದು, ಊರು ಬಿಟ್ಟು, ಆ ಮನುಷ್ಯ ಏನು ಮಾಡಿದ ಅಂತ ಹೇಳುವ ಕ್ರಿಯಾಪದ ಹುಡುಕಿದೆ. ನಡೆದರು, ಎಸೆದರು, ಲೆಕ್ಕ ಹಾಕಿದರು, ಬರೆದರು, ನಟಿಸಿದರು. ಅದು ಸಿಕ್ಕ ಮೇಲೂ ಇನ್ನೊಂದು ಗುರುತು ಹೊಂದಬೇಕು: ವರ್ಷ, ಊರು, ತಂದೆಯ ಹೆಸರು, ಫೋಟೋ, ಯಾವುದಾದರೂ ಸರಿ. ಎರಡು ಗುರುತು ಕೂಡದೆ ಯಾವ ತುಣುಕನ್ನೂ ಯಾರ ಕವರಿಗೂ ಹಾಕಲಿಲ್ಲ.

ತಾರೀಖು ಇಲ್ಲದ ತುಣುಕಿಗೆ ಒಂದು ಒಳ್ಳೆ ಉಪಾಯ ಇದೆ. ತಿರುಗಿಸಿ ಹಿಂದೆ ನೋಡಿ. ಕತ್ತರಿಸಿದವರಿಗೆ ಬೇಡವಾದ ಹಿಂಬದಿಯೇ ನಮಗೆ ಬೇಕಾದದ್ದು. ಸಿನಿಮಾ ಜಾಹೀರಾತು, ಚಿನ್ನದ ಬೆಲೆ, ಯಾವುದೋ ಚುನಾವಣೆ. ಒಂದು ತುಣುಕಿನಲ್ಲಿ ‘ಖ್ಯಾತ ವಿಜ್ಞಾನಿ ಡಾ. ಎಸ್. ಚಂದ್ರಶೇಖರ್ ಅವರು ಬೆಂಗಳೂರಿನಲ್ಲಿ’ ಅನ್ನುವಲ್ಲಿಗೆ ಕಾಗದ ಹರಿದಿತ್ತು. ಹಿಂದೆ ಅರ್ಧ ಸುದ್ದಿ, ಅದರಲ್ಲಿ ‘ಪ್ರಧಾನಿ ಮೊರಾರ್ಜಿ ದೇಸಾಯಿ’. ಅಂದರೆ 1977ರ ಮಾರ್ಚ್‌ನಿಂದ 1979ರ ಜುಲೈ ಒಳಗಿನದು. ಬೆಂಗಳೂರು, ಆ ವರ್ಷಗಳು, ದ್ರವ ಸ್ಫಟಿಕದವರೇ ಇರಬೇಕು ಅಂತ ಮನಸ್ಸು ಹೇಳಿತು. ಆದರೆ ಶಿಕಾಗೋದವರೂ ಬೆಂಗಳೂರಿಗೆ ಬಂದು ಉಪನ್ಯಾಸ ಕೊಡಬಹುದಲ್ಲ. ಕ್ರಿಯಾಪದವೇ ಹರಿದುಹೋಗಿದೆ. ಅಂಥವಕ್ಕೆ ‘ಅನುಮಾನ’ ಅಂತ ಬರೆದ ಕವರ್ ಇಟ್ಟಿದ್ದೇನೆ. ಈ ಕವರ್ ಇಲ್ಲದಿದ್ದರೆ ಕೈ ಸುಮ್ಮನಿರುವುದಿಲ್ಲ, ಎಲ್ಲಾದರೂ ತುರುಕಿಬಿಡುತ್ತದೆ.

‘ಕ್ಷೇತ್ರ’ದ ಪ್ರಕಾರ ವಿಂಗಡಿಸಿ ಅಂತ ಕೆಲವರು ಸಲಹೆ ಕೊಟ್ಟರು. ಸಾಹಿತ್ಯ, ಸಿನಿಮಾ, ರಾಜಕೀಯ ಅಂತ. ನಮ್ಮ ಕನ್ನಡದ ಚಂದ್ರಶೇಖರರ ಹತ್ತಿರ ಅದು ನಡೆಯೋದಿಲ್ಲ. ಘೋಡಗೇರಿಯ ಚಂದ್ರಶೇಖರ ಕಂಬಾರರು ಕವಿ, ನಾಟಕಕಾರ, ಜಾನಪದ ವಿದ್ವಾಂಸ, ಸಿನಿಮಾ ನಿರ್ದೇಶಕ, ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೊದಲ ಕುಲಪತಿ. ನಾಗತಿಹಳ್ಳಿ ಚಂದ್ರಶೇಖರ್ ಕತೆಗಾರರೂ ಹೌದು, ಸಿನಿಮಾ ನಿರ್ದೇಶಕರೂ ಹೌದು. ಚಂದ್ರಶೇಖರ ಪಾಟೀಲರು ಕವಿತೆ, ನಾಟಕ ಬರೆದರು, ‘ಸಂಕ್ರಮಣ’ ನಡೆಸಿದರು, ಚಳವಳಿಗೂ ಇಳಿದರು. ಇವರನ್ನು ಯಾವ ಗೂಡಿಗೆ ಹಾಕುತ್ತೀರಿ?

ಆದರೆ ಈ ಮೂವರ ವಿಷಯದಲ್ಲಿ ಜನ ಆಗಲೇ ಕೆಲಸ ಮುಗಿಸಿಬಿಟ್ಟಿದ್ದಾರೆ. ಒಬ್ಬರು ಕಂಬಾರರು, ಒಬ್ಬರು ಚಂಪಾ, ಒಬ್ಬರು ನಾಗತಿಹಳ್ಳಿ. 1973ರಲ್ಲಿ ಪುಟ್ಟಣ್ಣ ಕಣಗಾಲ್ ಅವರ ‘ಎಡಕಲ್ಲು ಗುಡ್ಡದ ಮೇಲೆ’ ಬಂದ ಮೇಲೆ ಅದರ ನಾಯಕ ನಟ ಕಾಯಂ ಆಗಿ ಎಡಕಲ್ಲು ಚಂದ್ರಶೇಖರ್. ಉತ್ತರದ ಕಡೆ ಮನೆತನದ ಹೆಸರು, ದಕ್ಷಿಣದ ಕಡೆ ಊರಿನ ಹೆಸರು, ಸಿನಿಮಾದವರಿಗೆ ಸಿನಿಮಾದ ಹೆಸರು. ಚಂದ್ರಶೇಖರ್ ಅನ್ನುವುದು ಹಿಂದೆ ಸರಿದು ನಿಂತಿದೆ.

ಇಲ್ಲಿ ಗ್ರಂಥಾಲಯದ ಪದ್ಧತಿಗೂ ನನಗೂ ಸ್ವಲ್ಪ ಜಗಳ. ಭಾರತದ ಹೆಸರುಗಳನ್ನು ಯಾವ ಪದದ ಕೆಳಗೆ ಪಟ್ಟಿ ಮಾಡಬೇಕು ಅಂತ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಬಹಳ ತಲೆ ಕೆಡಿಸಿಕೊಂಡವರು. 1962ರಲ್ಲಿ ಬೆಂಗಳೂರಿನಲ್ಲಿ ಡಿ.ಆರ್.ಟಿ.ಸಿ. ಅನ್ನುವ ಸಂಶೋಧನೆ, ತರಬೇತಿ ಕೇಂದ್ರ ಶುರು ಮಾಡಿದವರೂ ಅವರೇ. ಇನಿಷಿಯಲ್ ಹಿಂದಕ್ಕೆ, ಮುಖ್ಯ ಹೆಸರು ಮುಂದಕ್ಕೆ, ಹುಟ್ಟಿದ ವರ್ಷ ಪಕ್ಕಕ್ಕೆ ಅನ್ನುವ ಕ್ರಮ ಪುಸ್ತಕದ ಕ್ಯಾಟಲಾಗಿಗೆ ಚೆನ್ನಾಗಿದೆ. ಆದರೆ ನಮ್ಮ ಓದುಮನೆಗೆ ಬರುವವರು ‘ನಾಗತಿಹಳ್ಳಿಯವರದ್ದು ಏನಿದೆ’ ಅಂತ ಕೇಳುತ್ತಾರೆ. ನಾನು ಅದನ್ನು ‘ಚ’ ಅಕ್ಷರದಲ್ಲಿ ಇಟ್ಟು ಕೂತರೆ ಯಾರಿಗೆ ಉಪಯೋಗ? ಜನ ಕೇಳುವ ಹೆಸರಿನಲ್ಲೇ ಕವರ್ ಇಟ್ಟೆ, ‘ಚ’ದಲ್ಲಿ ಒಂದು ಚೀಟಿ ಹಾಕಿದೆ: ‘ನಾಗತಿಹಳ್ಳಿ ನೋಡಿ’.

ಕರೆಯುವ ಹೆಸರೂ ಎಲ್ಲ ಕಡೆ ಕಾಪಾಡುವುದಿಲ್ಲ. ಮೈದಾನದಲ್ಲಿ ಬೌಲರ್ ‘ಚಂದ್ರ’. ಶಿಕಾಗೋದಲ್ಲಿ ವಿಜ್ಞಾನಿಯೂ ‘ಚಂದ್ರ’. 1999ರ ಜುಲೈನಲ್ಲಿ ನಾಸಾ ಹಾರಿಸಿದ ಎಕ್ಸ್-ರೇ ದೂರದರ್ಶಕಕ್ಕೆ ಆ ವಿಜ್ಞಾನಿಯ ನೆನಪಿಗೆ ಇಟ್ಟ ಹೆಸರೂ ‘ಚಂದ್ರ’. ಅದಕ್ಕೆ ‘ಚಂದ್ರ’ ಅನ್ನುವ ಚೀಟಿಯಲ್ಲಿ ಎರಡು ಬಾಣದ ಗುರುತು ಹಾಕಿದ್ದೇನೆ.

ಒಂದು ಕಾರ್ಡ್ ಹೇಗಿದೆ ಅಂತ ಇಲ್ಲೇ ಬರೆಯುತ್ತೇನೆ. ‘ಚಂದ್ರಶೇಖರ್, ಶಿವರಾಮಕೃಷ್ಣ. 1930–2004. ದ್ರವ ಸ್ಫಟಿಕ. ಮೈಸೂರು, ಆಮೇಲೆ ಬೆಂಗಳೂರು. ಇವರಲ್ಲ: ನೊಬೆಲ್ ಪಡೆದ ಸುಬ್ರಹ್ಮಣ್ಯನ್ (1910–1995); ಮಂತ್ರಿ ಶ್ರೀಪತಿ (1918–2001).’ ನನ್ನ ಲೆಕ್ಕದಲ್ಲಿ ಕಾರ್ಡಿನ ಮುಖ್ಯ ಸಾಲು ಆ ‘ಇವರಲ್ಲ’. ಯಾರು ಅಂತ ಹೇಳುವ ಸಾಲು ಎಲ್ಲರೂ ಬರೆಯುತ್ತಾರೆ. ಯಾರಲ್ಲ ಅಂತ ಬರೆದರೆ ಮುಂದೆ ಕಟಿಂಗ್ ಸೇರಿಸುವವರ ಕೈ ಒಂದು ಕ್ಷಣ ನಿಲ್ಲುತ್ತದೆ.

ಕಾಗುಣಿತದ ಮಾತು ಒಂದು ಉಳಿದಿದೆ. ಚಂದ್ರಶೇಖರ, ಚಂದ್ರಶೇಖರ್, ಚಂದ್ರಶೇಖರನ್, ಚಂದ್ರ ಶೇಖರ್: ಇವು ನಾಲ್ಕು ಬೇರೆ ಜನ ಅಂತ ತಿಳಿಯಬೇಡಿ. ಒಂದೇ ಪೇಪರ್ ಒಬ್ಬರನ್ನೇ ಸೋಮವಾರ ಒಂದು ಥರ, ಮಂಗಳವಾರ ಇನ್ನೊಂದು ಥರ ಬರೆದಿರುತ್ತದೆ. ಕಾರ್ಡಿನಲ್ಲಿ ಒಂದು ರೂಪ ಇಟ್ಟುಕೊಂಡು ಉಳಿದದ್ದನ್ನು ಹಿಂದೆ ಬರೆದಿಟ್ಟರೆ ಸಾಕು. ಆದರೆ ಈಗ ಇದನ್ನೆಲ್ಲ ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುತ್ತಿದ್ದೇವೆ. ಅಲ್ಲಿ ಹುಡುಕುವಾಗ ಕೊನೆಯ ‘ರ್’ ಮತ್ತು ‘ರ’ ನಡುವಿನ ವ್ಯತ್ಯಾಸಕ್ಕೇ ಫೈಲ್ ಸಿಗದೆ ಹೋಗಬಹುದು. ಹಾಗಾಗಿ ಪ್ರತಿ ಫೈಲಿನ ಹೆಸರಿನ ಕೊನೆಗೆ ಹುಟ್ಟಿದ ವರ್ಷ ಸೇರಿಸುತ್ತಿದ್ದೇನೆ. 1910 ಅಂತ ಒತ್ತಿದರೆ ನಕ್ಷತ್ರದವರು ಬರುತ್ತಾರೆ, 1945 ಅಂತ ಒತ್ತಿದರೆ ಬೌಲರ್.